ಕಡಲೆ ಹುಳಿಗೆ ಬಿಟ್ಟ ನಾಲ್ಕು ಸಾಲು

ಕಳೆದ ವಾರ ಅಡುಗೆಮನೆಯ ಮೇಲಿನ ಹಲಗೆ ಒರೆಸುವಾಗ ಸಣ್ಣ ಬಾಟಲಿಯೊಂದು ಕೈಗೆ ಸಿಕ್ಕಿತು. ಮುಚ್ಚಳ ತಿರುವಿದೆ. ಮೂಗಿಗಿಂತ ಮೊದಲು ಹಲ್ಲುಗಳೇ ಜುಮ್ಮೆಂದವು. ಕಡಲೆ ಹುಳಿ! ತಳದಲ್ಲಿ ಒಂದು ಚಮಚೆಯಷ್ಟು ಉಳಿದಿತ್ತು. ಮಗ್ಗುಲ ಮನೆಯ ಆಯಿ ಕೊಟ್ಟದ್ದು...

ನರೇಗಲ್ಲಿನ ಶಾಲೆಯಲ್ಲಿ ವಿಜ್ಞಾನ ಕಲಿಸಲು ಬಂದಾಗಿನಿಂದ ನಾನು ಅವರ ನೆರೆಯವಳು. ಚಳಿಗಾಲದ ಸಂಜೆ ಆಯಿ ಹೊಲಕ್ಕೆ ಹೋಗಿ ಬಿಳಿ ಧೋತರವೊಂದನ್ನು ಹಸಿ ಕಡಲೆ ಗಿಡಗಳ ಮೇಲೆ ಹಾಸಿ ಬರುತ್ತಿದ್ದರು. ರಾತ್ರಿಯ ಇಬ್ಬನಿ ಎಲೆಗಳ ಹುಳಿಯನ್ನು ಕರಗಿಸಿಕೊಂಡು ಬಟ್ಟೆಗೆ ಇಳಿಯುತ್ತಿತ್ತು. ಬೆಳಗ್ಗೆ ಬಿಸಿಲೇರುವ ಮೊದಲು ಅದನ್ನು ಹಿಂಡಿ ಬಾಟಲಿಗೆ ತುಂಬುವುದು. ಓಣಿಯಲ್ಲಿ ಯಾರಿಗೆ ಹೊಟ್ಟೆನೋವು ಬಂದರೂ ಈ ಹುಳಿಗಾಗಿ ಮೊದಲು ಆಯಿಯ ಬಾಗಿಲು, ಆಮೇಲೆ ದವಾಖಾನೆ. ಅದರಲ್ಲಿ ಅವರಿಗೆ ಭಾರಿ ಹೆಮ್ಮೆ. ಡಾಕ್ಟರ ಬೋರ್ಡೊಂದೇ ಕಡಿಮೆ ಎಂದು ನಾನು ಚುಡಾಯಿಸುತ್ತಿದ್ದೆ.

ಒಂದು ಬೆಳಗ್ಗೆ ಆಯಿ ಒಂದು ಕೈಯಲ್ಲಿ ಆಗತಾನೇ ಹಿಂಡಿದ ಹುಳಿ, ಇನ್ನೊಂದರಲ್ಲಿ ಹೊಲದ ಬದುವಿನಲ್ಲಿ ಸಿಕ್ಕ ಖಾಲಿ ಡಬ್ಬಿ ಹಿಡಿದು ಬಂದರು. ಹಿಂದಿನ ದಿನ ಅವರ ಮಗ ಕಡಲೆಗೆ ನ್ಯಾನೊ ಗೊಬ್ಬರ ಸಿಂಪಡಿಸಿದ್ದ. ಅದು ಗೊತ್ತಿಲ್ಲದೆ ಆಯಿ ಎಂದಿನಂತೆ ಧೋತರ ಹಾಸಿಬಿಟ್ಟಿದ್ದರು.

“ಅಕ್ಕೋರ, ಇದರ ಮ್ಯಾಲ ಏನ ಬರದೈತಿ ಓದ್ರಿ. ಮನ್ಯಾಗ ಮಮ್ಮಗಳು ಹೊಟ್ಟಿ ಹಿಡ್ಕೊಂಡ ಕುಂತಾಳ.”

ಓದಿದೆ. ಸಿಂಪಡಿಸುವಾಗ ಮಾಸ್ಕ್, ಕೈಗವಸು ಹಾಕಿಕೊಳ್ಳಬೇಕು, ಮಕ್ಕಳ ಕೈಗೆ ಸಿಗದಂತೆ ಇಡಬೇಕು ಎಂದಿತ್ತು.

ಆಯಿಗೆ ಅಷ್ಟು ಸಾಲಲಿಲ್ಲ. ನ್ಯಾನೊ ಅಂದರೇನು ಎಂದು ಪಟ್ಟು ಹಿಡಿದರು. ಬೆಲ್ಲದ ಹೆಂಟೆ ತೋರಿಸಿದೆ. ನೀರಿಗೆ ಇಡಿಯಾಗಿ ಹಾಕಿದರೆ ನಿಧಾನಕ್ಕೆ ಕರಗುತ್ತದೆ, ಪುಡಿ ಮಾಡಿದರೆ ನೀರು ತಾಗುವ ಮೈ ಹೆಚ್ಚಾಗಿ ಬೇಗ ಕರಗುತ್ತದೆ. ಶಾಲೆಯ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣದಾದರೆ, ಅಂದರೆ ನ್ಯಾನೊ ಆದರೆ, ವಸ್ತುವಿನ ಗುಣವೇ ಬದಲಾಗುತ್ತದೆ. ಬೆಳ್ಳಿ ಗಾಯದ ಪಟ್ಟಿಯಲ್ಲಿ ಕುಳಿತು ಸೋಂಕು ತಡೆಯುತ್ತದೆ, ಬಂಗಾರ ಕೆಂಪಗೆ ಕಾಣುತ್ತದೆ. ನೀವು ದೀಪದ ಮಸಿಯಿಂದ ಮಾಡುವ ಕಾಡಿಗೆಯಲ್ಲೂ ಅಂಥ ಕಣಗಳಿವೆ ಎಂದೆ. ಸಣ್ಣದಾದ್ದರಿಂದಲೇ ಗೊಬ್ಬರ ಎಲೆಯೊಳಗೆ ಹೋಗುತ್ತದೆ. ಸಣ್ಣದಾದ್ದರಿಂದಲೇ ಉಸಿರಿನ ಜೊತೆ ನಮ್ಮೊಳಗೂ ಆಳಕ್ಕೆ ಇಳಿಯಬಲ್ಲದು.

“ಬಂಗಾರ ಕೆಂಪ ಆಗತೈತಿ? ಖರೇನ?” ಎಂದು ಕೊರಳಲ್ಲಿದ್ದ ಬಂಗಾರದ ಬೋರಮಾಳ ಸರ ಮುಟ್ಟಿ ನೋಡಿಕೊಂಡರು. ಆಮೇಲೆ ಕೈಯಲ್ಲಿದ್ದ ಬಾಟಲಿಯತ್ತ ನೋಡಿ, “ಹಂಗಾರ ಎಲಿ ಮ್ಯಾಗ ಉಳದದ್ದು ನನ್ನ ಧೋತ್ರಕ್ಕೂ ಬಂದಿರಬೇಕಲ್ರಿ?” ಎಂದರು.

ನನಗೆ ಗೊತ್ತಿರಲಿಲ್ಲ. ಗದಗಿನ ಕಾಲೇಜಿನಲ್ಲಿ ಕಲಿಸುವ ಗೆಳತಿಗೆ ಫೋನ್ ಹಚ್ಚಿದೆ. ಕಾಳಿನ ಬಗ್ಗೆ, ಮಣ್ಣಿನ ಬಗ್ಗೆ ಕೇಳಿದರೆ ಏನಾದರೂ ಹುಡುಕಬಹುದು, ಇಬ್ಬನಿ ಹಿಂಡಿ ಕುಡಿಯುವುದನ್ನು ಯಾರು ಪರೀಕ್ಷೆ ಮಾಡಿರುತ್ತಾರೆ ಎಂದು ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ, ಮಗುವಿಗೆ ಕೊಡಬೇಡಿ ಎಂದಳು.

ಆಯಿ ಹುಳಿ ಚೆಲ್ಲಿದರು. ಮೊಮ್ಮಗಳನ್ನು ದವಾಖಾನೆಗೆ ಕರೆದೊಯ್ದೆವು, ಮಧ್ಯಾಹ್ನಕ್ಕೆ ಆಡತೊಡಗಿದಳು. ಆದರೆ ಆ ಚಳಿಗಾಲವೆಲ್ಲ ಬಾಗಿಲಿಗೆ ಬಂದವರನ್ನು ಆಯಿ ಬರಿಗೈಯಲ್ಲಿ ಕಳಿಸಬೇಕಾಯಿತು. ಆಗ ಅವರ ಮುಖ ನೋಡಲಾಗುತ್ತಿರಲಿಲ್ಲ.

ಮರುವರ್ಷ ಮಗನ ಜೊತೆ ಜಗಳವಾಡಲಿಲ್ಲ. ಬೆಳೆ ಚೆನ್ನಾಗಿ ಬಂದದ್ದನ್ನು ಅವರೂ ನೋಡಿದ್ದರು. “ನೀ ಹೊಡಿಯಪಾ, ನಾ ಬ್ಯಾಡ ಅನ್ನಂಗಿಲ್ಲ. ಬದುವಿನ ಕಡಿ ನಾಕ ಸಾಲ ನನಗ ಬಿಡು” ಎಂದರಂತೆ. ಹನಿ ಹಾರಿ ಬರಬಾರದೆಂದು ಗಾಳಿ ಬೀಸಿ ಬರುವ ಕಡೆಯ ಅಂಚನ್ನೇ ಆರಿಸಿಕೊಂಡರು. ಸಿಂಪಡಿಸುವ ದಿನ ಮೂಗಿಗೆ ಸೆರಗು ಕಟ್ಟಿಕೊಂಡು ಕಾವಲು ನಿಂತರು. ಮಗನಿಗೆ ಬೈದು ಮಾಸ್ಕ್ ಹಾಕಿಸಿದರು. ನನ್ನ ಬಾಟಲಿಯಲ್ಲಿದ್ದದ್ದು ಆ ಸಾಲುಗಳ ಹುಳಿ. ಆಮೇಲೆ ನಾನು ಕಂಡಾಗಲೆಲ್ಲ ಒಂದೇ ಪ್ರಶ್ನೆ: “ಅಕ್ಕೋರ, ಯಾರರೆ ಪರೀಕ್ಷಾ ಮಾಡಿದ್ರೇನು?” ಇಲ್ಲ ಆಯಿ, ಇನ್ನೂ ಇಲ್ಲ...

ಹೋದ ಬೇಸಿಗೆಯಲ್ಲಿ ಆಯಿ ತೀರಿಕೊಂಡರು. ಬಾಟಲಿ ಸಿಕ್ಕ ದಿನವೇ ಅವರ ಮಗ ಗೊಬ್ಬರದ ಡಬ್ಬಿ ಹಿಡಿದು ಹೊಲಕ್ಕೆ ಹೊರಟಿದ್ದು ಕಂಡಿತು. ಆ ನಾಲ್ಕು ಸಾಲು ಬಿಡುತ್ತೀರಾ ಎಂದು ಕೇಳಿದೆ.

“ಇನ್ನ ಹುಳಿ ಯಾರ ಹಿಡೀತಾರ್ರಿ? ನೀವ ಹಿಡಿಯೂದಿದ್ರ ಹೇಳ್ರಿ, ಬಿಡ್ತೀನಿ.”

ಬಿಡ್ರಿ ಎಂದುಬಿಟ್ಟೆ.

ನಿನ್ನೆ ಸಂಜೆ ಕಂಕುಳಲ್ಲಿ ಧೋತರ ಇಟ್ಟುಕೊಂಡು ಹೊಲಕ್ಕೆ ಹೋದೆ. ಒಣಗಿದ್ದನ್ನೇ ಹಾಸಬೇಕೋ, ತೋಯಿಸಿ ಹಿಂಡಿ ಹಾಸಬೇಕೋ ತಿಳಿಯಲಿಲ್ಲ. ಆಯಿಯನ್ನು ಕೇಳಿದರಾಯಿತು ಎಂದು ಊರ ಕಡೆ ತಿರುಗಿ ನಾಲ್ಕು ಹೆಜ್ಜೆ ನಡೆದೂ ಬಿಟ್ಟಿದ್ದೆ. ಅವರು ಇಲ್ಲವೆಂಬುದು ನನಗೆ ಸರಿಯಾಗಿ ತಿಳಿದದ್ದು ಆಗಲೇ.