ಆ ಮೇಲೆ ನೋಡೋಣ

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲು ಬಲಗಡೆಗೆ ಹೋಗುತ್ತಾ ಹೋಗುತ್ತಾ ಕೆಳಗೆ ಜಾರುತ್ತದೆ. ಪದಗಳೂ ನನ್ನ ಹತ್ತಿರ ಹೆಚ್ಚಿಲ್ಲ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು. ಎದ್ದು ನಿಂತು ಓದು ಎಂದರೆ ಗಂಟಲು ಕಟ್ಟುತ್ತಿತ್ತು, ಕೊನೆಗೆ ಹೋಗುವುದನ್ನೇ ನಿಲ್ಲಿಸಿದೆ. ಈ ಪುಟಗಳನ್ನು ಮೊದಲು ಪೆನ್ಸಿಲಿನಲ್ಲಿ ಬರೆದು, ನೋಡಿಕೊಂಡು, ಮತ್ತೆ ಪೆನ್ನಿನಲ್ಲಿ ಬರೆದಿದ್ದೇನೆ. ಆದರೂ ತಪ್ಪು ಉಳಿದಿರುತ್ತದೆ. ಓದುವವರು ಕ್ಷಮಿಸಬೇಕು.

ಇದು ನನ್ನ ಸೋದರತ್ತೆಯ ವಿಷಯ. ಅಪ್ಪನ ತಂಗಿ. ಅವಳನ್ನು ನಾನು ಏಕವಚನದಲ್ಲೇ ಕರೆಯುವುದು, ಚಿಕ್ಕಂದಿನಿಂದ ಒಂದೇ ಕೋಣೆಯಲ್ಲಿ ಮಲಗಿ ಬಂದ ರೂಢಿ. ಅವಳಿಗೆ ಐವತ್ತಮೂರು ವರ್ಷ, ಮದುವೆಯಾಗಲಿಲ್ಲ. ಅಣ್ಣಂದಿರು ಈಗಲೂ ‘ಪುಟ್ಟಿ’ ಎಂದೇ ಕೂಗುತ್ತಾರೆ.

ಅತ್ತೆ ಕೆಲಸ ಮಾಡುವುದು ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ. ಕಾರ್ಖಾನೆ ಎಂದರೆ ಒಂದು ಕಟ್ಟಡದ ನೆಲಮಾಳಿಗೆ, ಹನ್ನೆರಡು ಯಂತ್ರ, ಎರಡು ಉದ್ದ ಮೇಜು. ಅವಳದು ಕಾಜದ ಕೆಲಸ, ಅಂದರೆ ಗುಂಡಿ ತೂರಿಸುವ ಸೀಳಿನ ಸುತ್ತ ಒತ್ತೊತ್ತಾಗಿ ದಾರ ಕಟ್ಟುವುದು. ಕಾಜವನ್ನು ಅಂಗಿಯ ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗುತ್ತಾರೆ. ಕತ್ತಿನ ಹತ್ತಿರದ್ದು ಕೊನೆಗೆ, ಏಕೆಂದರೆ ಎಲ್ಲರ ಕಣ್ಣು ಬೀಳುವುದು ಅದರ ಮೇಲೆ, ಅಷ್ಟರಲ್ಲಿ ಕೈ ಹದಕ್ಕೆ ಬಂದಿರಬೇಕು. ಹೀಗೆ ಮೂವತ್ತೊಂದು ವರ್ಷ. ಆ ನೆಲಮಾಳಿಗೆಗೆ ಇರುವುದು ಗೋಡೆಯ ತುದಿಯಲ್ಲಿ ಒಂದೇ ಅಡ್ಡ ಕಿಟಕಿ. ಅದರಲ್ಲಿ ಕಾಣುವುದು ಬೀದಿಯಲ್ಲಿ ನಡೆಯುವವರ ಕಾಲು ಮಾತ್ರ. “ಅಂಚೆಯವನ ಚಪ್ಪಲಿ ಪೂರ್ತಿ ಸವೆದಿದೆ ಕಣೇ, ಪಾಪ” ಎಂದು ಮನೆಗೆ ಬಂದು ಹೇಳುತ್ತಿದ್ದಳು. ಅಂಚೆಯವನ ಮುಖ ಅವಳು ನೋಡಿಲ್ಲ.

ನಮ್ಮದು ತಾತ ಕಟ್ಟಿಸಿದ ಹೆಂಚಿನ ಮನೆ. ಅಜ್ಜಿ ತೀರಿಕೊಂಡ ಮೇಲೆ ದೊಡ್ಡಪ್ಪ, ಅಪ್ಪ ಇಬ್ಬರೂ ಕೂತು ಮಾರಿಬಿಡೋಣ ಎಂದು ತೀರ್ಮಾನಿಸಿದರು. ದೊಡ್ಡಪ್ಪ ಮಗಳ ಮನೆಗೆ, ನಾವು ಅಪ್ಪನ ಕೆಲಸದ ಹತ್ತಿರ ಬಾಡಿಗೆ ಮನೆಗೆ, ಅತ್ತೆ ಕಾರ್ಖಾನೆಯ ಹತ್ತಿರ ಒಂದು ಕೋಣೆಗೆ. ಅತ್ತೆಯನ್ನು ಕೇಳಿದಾಗ “ಆಗ್ಲಿ” ಎಂದಳು. ಅವಳು ಯಾವುದಕ್ಕೂ ಬೇಡ ಎಂದವಳಲ್ಲ, ಬೇಕು ಎಂದೂ ಕೇಳಿದವಳಲ್ಲ. ಒಂದೇ ಒಂದು ವಿಷಯ ಬಿಟ್ಟು. ಆ ಒಂದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿರುವುದು.

ಒಂದು ಬುಧವಾರ ದಲ್ಲಾಳಿ ಬಂದರು. ಅಂಗಳದಲ್ಲಿ ನಿಂತು, ಕೈಯನ್ನು ಹಣೆಗೆ ಅಡ್ಡ ಇಟ್ಟು ಮೇಲೆ ನೋಡಿದರು.

“ಇದೇನು ಯಜಮಾನ್ರೇ, ಮನೆ ಮೇಲೆ ಹುಲ್ಲುಗಾವಲು? ನಾಲ್ಕು ಕುರಿ ಆರಾಮಾಗಿ ಮೇಯುತ್ವೆ.”

“ಪಾಚಿ ಅಷ್ಟೇ” ಎಂದರು ದೊಡ್ಡಪ್ಪ. “ಸೋರಲ್ಲ.”

“ಸೋರಲ್ಲ ಅಂತ ನಿಮಗೆ ಗೊತ್ತು, ನನಗೆ ಗೊತ್ತು. ಕೊಳ್ಳೋರು ಮೊದಲು ನೋಡೋದೇ ತಲೆ ಮೇಲಿಂದು. ಹಸಿರು ಕಂಡ್ರೆ ಗೇಟಿಂದಾನೇ ವಾಪಸ್ಸು. ನೀರಿನ ಮೆಷಿನ್‌ನವರನ್ನ ಕಳಿಸ್ತೀನಿ, ಒಂದೇ ಗಂಟೆ ಕೆಲಸ. ಭಾನುವಾರ ಬರ್ತಾರೆ ನೋಡೋದಕ್ಕೆ.”

ಅತ್ತೆ ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ನಾನೇ ಮಾಡ್ತೀನಿ” ಎಂದಳು.

“ಟೀ ಆಯ್ತಲ್ಲ, ಇನ್ನೇನು ಮಾಡ್ತೀಯ?” ದೊಡ್ಡಪ್ಪನಿಗೆ ಅರ್ಥವಾಗಲಿಲ್ಲ.

“ಹೆಂಚು. ನಾನೇ ಉಜ್ತೀನಿ.”

“ತಲೆ ಕೆಟ್ಟಿದ್ಯಾ ಪುಟ್ಟಿ? ಸ್ಟೂಲ್ ಹತ್ತಿದ್ರೆ ತಲೆ ತಿರುಗುತ್ತೆ ಅಂತೀಯ.”

“ಸ್ಟೂಲ್ ಬೇರೆ, ಮನೆ ಬೇರೆ.”

“ಬಿದ್ರೆ?”

“ಬಿದ್ರೆ ನಮ್ಮ ಅಂಗಳಕ್ಕೇ ತಾನೇ ಬೀಳೋದು. ಭಾನುವಾರದವರೆಗೂ ನಮ್ದೇ.”

ದಲ್ಲಾಳಿ ನಕ್ಕರು. ದೊಡ್ಡಪ್ಪ ನಗಲಿಲ್ಲ. ಅಪ್ಪನ ಮುಖ ನೋಡಿದರು. ಕೊನೆಗೆ ದಲ್ಲಾಳಿಗೆ, ಮೆಷಿನ್ ಬೇಡ ಎಂದರು.

ಅತ್ತೆ ಐವತ್ತಮೂರು ವರ್ಷದಲ್ಲಿ ಒಂದು ಸಲವೂ ಆ ಮಾಡಿನ ಮೇಲೆ ಹತ್ತಿರಲಿಲ್ಲ. ಚಿಕ್ಕವರಿದ್ದಾಗ ದೊಡ್ಡಪ್ಪ, ಅಪ್ಪ ಇಬ್ಬರೂ ಸಂಜೆಯಾದರೆ ಏಣಿ ಹಾಕಿ ಹತ್ತುತ್ತಿದ್ದರಂತೆ. ಅವಳನ್ನು ಮಾತ್ರ ಸೇರಿಸುತ್ತಿರಲಿಲ್ಲ, ಹೆಣ್ಣುಹುಡುಗಿ, ಚಿಕ್ಕವಳು, ಬೀಳುತ್ತೀಯ ಎಂದು. ಅವಳು ಏಣಿಯ ಬುಡದ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದಳು. ಮೇಲಿನಿಂದ ದೊಡ್ಡಪ್ಪ ಕೂಗುತ್ತಿದ್ದರು, “ಪುಟ್ಟೀ, ಸಮುದ್ರ ಕಾಣ್ತಿದೆ! ಹಡಗು ಬಂತು! ಮೂರು ಹೊಗೆಕೊಳವೆ!” ಅವಳು ಕೆಳಗಿನಿಂದಲೇ ಕೇಳುತ್ತಿದ್ದಳಂತೆ, “ಯಾವ ಬಣ್ಣ?” ಎಂದು.

ಸಮುದ್ರ ನಮ್ಮ ಊರಲ್ಲೇ ಇದೆ, ದಿಬ್ಬದ ಆಚೆ, ಬಸ್ಸಿನಲ್ಲಿ ಅರ್ಧ ಗಂಟೆ. ಅತ್ತೆ ಬೇಕಾದಷ್ಟು ಸಲ ಹೋಗಿದ್ದಾಳೆ. ನಾನು ಒಮ್ಮೆ ಹಾಗೆಂದಾಗ, “ಹೋಗಿ ನೋಡೋದು ಬೇರೆ ಕಣೇ, ಮನೇಲಿ ಕೂತು ನೋಡೋದು ಬೇರೆ” ಎಂದಳು. ಆಮೇಲೆ ದೀಪ ಆರಿಸಿ ಮಲಗಿದಾಗ ಹೇಳಿದಳು, “ತಾತ ನನಗೆ ಮಾತು ಕೊಟ್ಟಿದ್ರು. ನನ್ನೂ ಹತ್ತಿಸು ಅಪ್ಪಾ ಅಂತ ಕೇಳ್ದಾಗೆಲ್ಲ ‘ಆ ಮೇಲೆ ನೋಡೋಣ’ ಅಂತಿದ್ರು.”

ಮೆಷಿನ್ ಬೇಡ ಎಂದು ತೀರ್ಮಾನವಾದ ದಿನ ನಾನು ಅಪ್ಪನನ್ನು ಕೇಳಿದೆ, ತಾತ ನಿಜವಾಗಿ ಮಾತು ಕೊಟ್ಟಿದ್ದರೇ ಎಂದು. ಅಪ್ಪ ನಕ್ಕುಬಿಟ್ಟರು.

“ನಮ್ಮಪ್ಪ ಯಾವುದಕ್ಕೆ ಹಾಗೆ ಅನ್ಲಿಲ್ಲ ಹೇಳು? ಸೈಕಲ್ ಕೇಳಿದ್ರೂ ಆಮೇಲೆ ನೋಡೋಣ. ಹಲ್ಲು ನೋವು ಅಂದ್ರೂ ಆಮೇಲೆ ನೋಡೋಣ. ಅಷ್ಟರಲ್ಲಿ ಹಲ್ಲೇ ಬಿದ್ದುಹೋಯ್ತು!”

ನಾನು ಒಳಗೆ ಹೋಗಿ ಕಾಗದದ ಮೇಲೆ ಎರಡೂ ಬರೆದು ನೋಡಿದೆ. ‘ಆಮೇಲೆ ನೋಡೋಣ’. ‘ಆ ಮೇಲೆ ನೋಡೋಣ’. ಬರೆಯುವಾಗ ನಡುವೆ ಒಂದು ಅಕ್ಷರದಷ್ಟು ಜಾಗ ಬಿಡಬೇಕು. ಬಾಯಲ್ಲಿ ಹೇಳುವಾಗ ಯಾವ ಜಾಗವೂ ಇಲ್ಲ. ತಾತ ಈಗ ಬೇಡ, ಮುಂದೆ ಯಾವಾಗಲಾದರೂ ನೋಡೋಣ ಎಂದಿದ್ದರು. ಐದು ವರ್ಷದ ಹುಡುಗಿ, ಆ ಮೇಲೆ, ಅಂದರೆ ಮಾಡಿನ ಮೇಲೆ ಹತ್ತಿ ಇಬ್ಬರೂ ನೋಡೋಣ ಎಂದು ಕೇಳಿಸಿಕೊಂಡಿದ್ದಳು. ಕಾಗದವನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡೆ. ಅತ್ತೆಗೆ ಹೇಳುವುದೋ ಬಿಡುವುದೋ ತಿಳಿಯಲಿಲ್ಲ.

ಗುರುವಾರ ಅತ್ತೆ ಕಾರ್ಖಾನೆಗೆ ರಜೆ ಹಾಕಿದಳು. ನಾನು ಅವಳಿಗಿಂತ ಹಗುರ ಎಂದು ಏಣಿ ಗಟ್ಟಿ ಇದೆಯೇ ನೋಡಲು ಮೊದಲು ಹತ್ತಿದೆ. ಹೆಂಚಿನ ಮೇಲೆ ಇನ್ನೊಂದು ಏಣಿ ಮಲಗಿಸಿ, ಅದರ ಕೊಕ್ಕೆಯನ್ನು ಮಾಡಿನ ನೆತ್ತಿಗೆ ಸಿಕ್ಕಿಸಬೇಕಿತ್ತು. ಸಿಕ್ಕಿಸಿ ತಲೆ ಎತ್ತಿದೆ. ಎದುರಿಗೆ ಉಗ್ರಾಣದ ಉದ್ದ ಗೋಡೆ, ಅದರ ಪಕ್ಕ ಕಪ್ಪು ನೀರಿನ ತೊಟ್ಟಿಗಳು, ಅದರ ಹಿಂದೆ ದಿಬ್ಬ. ದಿಬ್ಬದ ಮೇಲೆ ಆಕಾಶ. ಅಷ್ಟೇ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಉಗ್ರಾಣ ಹೊಸದಿರಬಹುದು. ಆದರೆ ದಿಬ್ಬ ಹೊಸದಲ್ಲ. ಇಲ್ಲಿಂದ ಸಮುದ್ರ ಯಾವ ಕಾಲಕ್ಕೂ ಕಂಡಿರಲಾರದು.

ಕೊಕ್ಕೆಯನ್ನು ಇನ್ನೊಮ್ಮೆ ಎಳೆದು ನೋಡಿ ಇಳಿದೆ. ಅತ್ತೆ ನನ್ನ ಮುಖ ನೋಡಿ, “ಏನೂ ಹೇಳ್ಬೇಡ. ನಾನೇ ನೋಡ್ಬೇಕು” ಎಂದು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಹೆಂಚು ಉಜ್ಜುವವರು ಯಾರೇ ಆದರೂ ನೆತ್ತಿಯಿಂದ ಶುರು ಮಾಡಿ ಕೆಳಗೆ ಬರುತ್ತಾರೆ. ಮೇಲಿನ ಕೊಳೆ ಕೆಳಗೆ ಬೀಳುತ್ತದಲ್ಲ. ಅತ್ತೆ ಕೆಳಗಿನ ಅಂಚಿನಿಂದ ಶುರು ಮಾಡಿದಳು. ಕಾರ್ಖಾನೆಯಿಂದ ತಂದ ಮುರಿದ ಮರದ ಅಳತೆಪಟ್ಟಿಯಿಂದ ಪಾಚಿ ಕೆರೆದು, ಗಟ್ಟಿ ಬ್ರಷ್ಷಿನಿಂದ ಉಜ್ಜಿ, ಮುಗಿದ ಸಾಲಿನ ತುದಿಗೆ ದರ್ಜಿಯವರ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದಳು.

ದೊಡ್ಡಪ್ಪ ಕೆಳಗೆ ಏಣಿ ಹಿಡಿದು ತಲೆ ಚಚ್ಚಿಕೊಂಡರು. “ಅಯ್ಯೋ ಪುಟ್ಟಿ, ಉಲ್ಟಾ ಮಾಡ್ತಿದ್ದೀಯಲ್ಲೇ! ಮೇಲಿಂದ ಬಾ! ಆ ಕಸ ಎಲ್ಲಾ ಉಜ್ಜಿದ್ದರ ಮೇಲೇ ಬೀಳುತ್ತೆ!”

“ಬೀಳ್ಲಿ ಬಿಡಣ್ಣ. ಇನ್ನೊಂದ್ಸಲ ಉಜ್ತೀನಿ.”

“ಅಂಗಿಗೆ ಕಾಜ ಹಾಕ್ತಿದ್ದೀಯೇನೇ?”

“ಹೂಂ ಅಂದ್ಕೋ.”

ನನಗೆ ಅರ್ಥವಾಯಿತು. ನೆತ್ತಿಗೆ ಕೊನೆಯಲ್ಲಿ ಹೋಗಬೇಕು ಅವಳಿಗೆ. ಇಷ್ಟು ವರ್ಷ ಕಾದದ್ದನ್ನು ಮೊದಲ ಐದು ನಿಮಿಷದಲ್ಲೇ ಮುಗಿಸಿಬಿಡಲು ಮನಸ್ಸಿರಲಿಲ್ಲ. ತಲೆ ಬಗ್ಗಿಸಿಯೇ ಉಜ್ಜಿದಳು, ಒಮ್ಮೆಯೂ ಕತ್ತೆತ್ತಲಿಲ್ಲ. ಗುರುವಾರ, ಶುಕ್ರವಾರ, ಶನಿವಾರ ಮಧ್ಯಾಹ್ನದವರೆಗೂ. ಎರಡು ಸಲ ಹೇಳಿಬಿಡೋಣ ಎಂದುಕೊಂಡೆ. ಗಂಟಲು ಶಾಲೆಯಲ್ಲಿ ಕಟ್ಟಿದಂತೆ ಕಟ್ಟಿತು.

ಶನಿವಾರ ನಾಲ್ಕು ಗಂಟೆಗೆ ಅತ್ತೆ ನೆತ್ತಿ ಮುಟ್ಟಿದಳು. ಎರಡೂ ಕಡೆ ಕಾಲು ಹಾಕಿ ಕೂತಳು, ಸೊಂಟಕ್ಕೆ ಕಟ್ಟಿದ ಹಗ್ಗ ಸರಿಮಾಡಿಕೊಂಡಳು, ಕೈ ಒರೆಸಿಕೊಂಡಳು. ಆಮೇಲೆ ಕತ್ತೆತ್ತಿದಳು. ನಾನು ಎರಡು ಮೆಟ್ಟಿಲು ಕೆಳಗೆ ನಿಂತಿದ್ದೆ. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಬಹಳ ಹೊತ್ತು ಆ ಬೆನ್ನು ಅಲುಗಲಿಲ್ಲ.

ಆಮೇಲೆ ಅವಳ ಕೈಗೆ ನೆತ್ತಿಯ ಹೆಂಚೊಂದು ಸಡಿಲವಾಗಿ ಸಿಕ್ಕಿತು. ಎತ್ತಿದಳು. ಕೆಳಗೆ ತುಕ್ಕು ಹಿಡಿದ ಸಣ್ಣ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಬೆಂಕಿಪೊಟ್ಟಣ, ಪುಡಿಪುಡಿಯಾದ ಐದಾರು ಸಿಗರೇಟು.

ಕೆಳಗಿನಿಂದ ದೊಡ್ಡಪ್ಪ ಕೂಗಿದರು. ಧ್ವನಿ ಯಾವಾಗಿನಂತೆ ಇರಲಿಲ್ಲ. “ಪುಟ್ಟಿ... ಏನು ಕಾಣುತ್ತೆ?”

ಅತ್ತೆ ಡಬ್ಬಿಯನ್ನು ನೋಡಿದಳು, ದಿಬ್ಬವನ್ನು ನೋಡಿದಳು. “ಹಡಗು!” ಎಂದು ಕೂಗಿದಳು. “ಮೂರು ಹೊಗೆಕೊಳವೆ! ಮೂರರಲ್ಲೂ ಹೊಗೆ! ಅಪ್ಪನಿಗೆ ಹೇಳ್ಲಾ?”

ಕೆಳಗಿನಿಂದ ಅಪ್ಪ ಜೋರಾಗಿ ನಕ್ಕದ್ದು ಕೇಳಿಸಿತು. ದೊಡ್ಡಪ್ಪ ನಗಲಿಲ್ಲ. ಏಣಿಯನ್ನು ಎರಡು ಕೈಯಲ್ಲಿ ಹಿಡಿದು ನೆಲ ನೋಡುತ್ತಾ ಹೇಳಿದರು, “ನೀನು ಬುಡದಲ್ಲಿ ಕೂತಿದ್ರೆ ಅಪ್ಪ ಬಂದಾಗ ಗೊತ್ತಾಗ್ತಿತ್ತು ಕಣೇ. ಹಡಗು ಅಂದ್ರೆ ನೀನು ಅಲ್ಲಾಡ್ತಿರಲಿಲ್ಲ. ಅದಕ್ಕೆ.”

“ಕಾವಲಿಗೆ ಕೂರಿಸಿದ್ರಿ ನನ್ನ.”

“ಹೂಂ.”

“ಒಳ್ಳೆ ಕಾವಲು ಕಾದೆ ಬಿಡು” ಎಂದಳು ಅತ್ತೆ. ಬೈಗುಳವೂ ಅಲ್ಲ, ತಮಾಷೆಯೂ ಅಲ್ಲ.

ನಾನು ಜೇಬಿನಿಂದ ಕಾಗದ ತೆಗೆದು ಅವಳ ಕೈಗೆ ಕೊಟ್ಟೆ. ಆಗ ಕೊಡಬಾರದಿತ್ತೋ ಏನೋ. ಆದರೆ ಇನ್ನೊಂದು ಸುಳ್ಳು ಉಳಿಯುವುದು ನನಗೆ ಬೇಡವಾಗಿತ್ತು. ಅತ್ತೆ ಎರಡೂ ಸಾಲು ಓದಿದಳು.

“ಗೊತ್ತಿತ್ತು” ಎಂದಳು.

“ಯಾವಾಗಿಂದ?”

“ಎರಡನೇ ಕ್ಲಾಸಲ್ಲಿ ಪದ ಬಿಡಿಸಿ ಬರೆಯೋದು ಹೇಳ್ಕೊಟ್ರಲ್ಲ, ಅವತ್ತಿಂದ. ಗೊತ್ತಾಯ್ತು ಅಂತ ಆಸೆ ಹೋಗುತ್ತೇನೇ? ತಾತ ಅಲ್ಲಿ ಕೂತು, ನಾನು ಇಲ್ಲಿ ಕೂತು. ಇಷ್ಟೇ ನನಗೆ ಬೇಕಾಗಿದ್ದು. ಸಮುದ್ರ ಯಾರಿಗೆ ಬೇಕು.” ಎದುರಿನ ಹೆಂಚನ್ನು ಅಂಗೈಯಿಂದ ಒರೆಸಿದಳು. ಅಲ್ಲಿ ಆಗಲೇ ಕೊಳೆ ಇರಲಿಲ್ಲ.

ಆಮೇಲೆ ನನ್ನನ್ನೂ ಹತ್ತಿರ ಕರೆದಳು. ಬಸ್ಸು ತಿರುಗುವ ಮೂಲೆ ತೋರಿಸಿದಳು. ಅವಳ ಕಾರ್ಖಾನೆಯ ಕಟ್ಟಡ ತೋರಿಸಿದಳು. ಅದಕ್ಕೆ ಮೇಲೆ ಮೂರು ಮಹಡಿ ಇರುವುದು ಗೊತ್ತಿದ್ದರೂ ಒಮ್ಮೆಯೂ ಕತ್ತೆತ್ತಿ ನೋಡಿರಲಿಲ್ಲವಂತೆ. ಬೀದಿಯಲ್ಲಿ ಅಂಚೆಯವರು ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು. “ಅಯ್ಯೋ, ಬೊಕ್ಕತಲೆ!” ಎಂದಳು ಅತ್ತೆ. ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕೆವು. ನಗುತ್ತಲೇ ಅವಳ ಕಣ್ಣು ತುಂಬಿತು. ನಾನು ಬೇರೆ ಕಡೆ ನೋಡಿದೆ.

ಮೇಲಿನ ಕೊಳೆಯೆಲ್ಲ ಕೆಳಗಿನ ಸಾಲುಗಳ ಮೇಲೆ ಬಿದ್ದು ಅರ್ಧ ಮಾಡು ಮತ್ತೆ ಗಲೀಜಾಗಿತ್ತು. ಸಂಜೆ ದಲ್ಲಾಳಿಯ ಫೋನ್ ಬಂತು. ದೊಡ್ಡಪ್ಪ ಇದ್ದದ್ದು ಹೇಳಿದರು. ಮೆಷಿನ್ ಈಗಲೇ ಕಳಿಸುತ್ತೇನೆ ಎಂದು ಅವರು ಕೂಗುತ್ತಿದ್ದುದು ನಮಗೂ ಕೇಳಿಸಿತು. ದೊಡ್ಡಪ್ಪ ಒಮ್ಮೆ ಮಾಡಿನ ಕಡೆ ನೋಡಿದರು.

“ನಾಳೆ ಬೇಡ. ಮುಂದಿನ ಭಾನುವಾರ ಕರ್ಕೊಂಡ್ ಬನ್ನಿ.”

“ಪಾರ್ಟಿ ಕೈಬಿಟ್ಟು ಹೋಗುತ್ತೆ ಯಜಮಾನ್ರೇ!”

“ಹೋದ್ರೆ ಹೋಗ್ಲಿ. ನನ್ನ ತಂಗಿ ಕೆಲಸ ಇನ್ನೂ ಮುಗಿದಿಲ್ಲ.”

ಆ ವಾರವಿಡೀ ಅತ್ತೆ ಕಾರ್ಖಾನೆಯಿಂದ ನೇರ ಏಣಿಯ ಹತ್ತಿರ ಬರುತ್ತಿದ್ದಳು. ಸ್ವಲ್ಪ ಹೊತ್ತು ಉಜ್ಜುವುದು, ಸ್ವಲ್ಪ ಹೊತ್ತು ಸುಮ್ಮನೆ ಕೂರುವುದು. ಮಂಡಿನೋವಿನ ದೊಡ್ಡಪ್ಪ ಪ್ರತಿದಿನವೂ ತಾವೇ ಏಣಿ ಹಿಡಿದರು. ಅಪ್ಪ ಬರುತ್ತೇನೆ ಎಂದರೂ ಬಿಡಲಿಲ್ಲ. ಬುಡದ ಮೆಟ್ಟಿಲ ಮೇಲೆ ಕೂತು, ಅವಳು ಇಳಿಯುವವರೆಗೂ ಅಲ್ಲೇ ಇರುತ್ತಿದ್ದರು.

ಭಾನುವಾರ ಗಂಡ ಹೆಂಡತಿ ಬಂದು ನೋಡಿದರು. ಹೆಂಚು ಕೆಂಪಗೆ ಹೊಸದರಂತೆ ಇತ್ತು. ಅವರಿಗೆ ಒಪ್ಪಿಗೆಯಾಯಿತು. ಹೋಗುವಾಗ ಆ ಹೆಂಗಸು, ಮೇಲೆ ಹತ್ತಲು ಮೆಟ್ಟಿಲು ಇದೆಯೇ ಎಂದು ಕೇಳಿದರು. ಅತ್ತೆ ಇಲ್ಲ ಎಂದಳು. ಆಮೇಲೆ ಒಳಗೆ ಹೋಗಿ ನೆತ್ತಿಗೆ ಸಿಕ್ಕಿಸುವ ಕೊಕ್ಕೆಯ ಏಣಿ ತಂದು, ಹೇಗೆ ಇಡಬೇಕು, ಯಾವ ಹೆಂಚಿನ ಮೇಲೆ ಕಾಲಿಟ್ಟರೆ ಒಡೆಯುವುದಿಲ್ಲ ಎಂದು ಅವರಿಗೆ ತೋರಿಸಿಕೊಟ್ಟಳು. ಅವಳು ಹೊರಗಿನವರ ಜೊತೆ ಅಷ್ಟು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅತ್ತೆಗೆ ನೋಡಿರುವ ಕೋಣೆ ನೆಲಮಟ್ಟದ್ದು, ಕಿಟಕಿ ತೆರೆದರೆ ಪಕ್ಕದ ಗೋಡೆ. ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಇನ್ನೊಂದು ಕೋಣೆ ಖಾಲಿ ಇದೆ ಎಂದು ಬಾಗಿಲಿಗೆ ಬರೆದು ಅಂಟಿಸಿದ್ದಾರೆ. ಅದು ಬೇಕು ಎಂದು ಅತ್ತೆ ಬಾಯಿಬಿಟ್ಟು ಕೇಳುವುದಿಲ್ಲ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ನಾನು ಒಬ್ಬಳೇ ಹೋಗಿ ಕಟ್ಟಡದ ಮಾಲೀಕರನ್ನು ಕೇಳುತ್ತೇನೆ.