ಒಬ್ಬರಿಗೆ ಒಂದೇ ಲಾಡು

ನಾವು ಸಣ್ಣವರಿದ್ದಾಗ ನಮ್ಮ ಬೀದರ ಕಡೆ ಲಗ್ನಕ್ಕೆ ಕರೆಯುವುದೆಂದರೆ ಮನೆಗೆ ಹೋಗಿ ಕರೆಯುವುದು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಕೂತು ಚಹಾ ಕುಡಿಯಬೇಕು, ಪತ್ರಿಕೆಯನ್ನು ಎರಡೂ ಕೈಯಿಂದ ಹಿರಿಯರಿಗೆ ಕೊಟ್ಟು "ಎಲ್ಲಾರೂ ಬರಬೇಕ್ರಿ" ಎನ್ನಬೇಕು. ಓಣಿಯಲ್ಲಿ ಸಿಕ್ಕಾಗ ಕೈಗೆ ತುರುಕಿದರೆ ಅದು ಕರೆದಂತಲ್ಲ. ಚಹಾ ಕುಡಿಯದೆ ಎದ್ದು ಬಂದರೂ ಕರೆದಂತಲ್ಲ. ಒಂದೇ ದಿನ ಹನ್ನೆರಡು ಮನೆಯ ಚಹಾ ಕುಡಿದು ಹೊಟ್ಟೆ ಹಿಡಿದುಕೊಂಡು ಮಲಗಿದವರನ್ನು ನಾನು ಕಂಡಿದ್ದೇನೆ. ನಿಮ್ಮಲ್ಲೂ ಕೆಲವರು ಕಂಡಿರುತ್ತೀರಿ.

ನನಗಾಗ ಒಂಬತ್ತು ವರ್ಷ. ಚಿದ್ರಿಯಲ್ಲಿ ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿದ್ದೆ. ನನಗೆ ಮೂರು ತುಂಬುವ ಮೊದಲೇ ಅವ್ವ ಜ್ವರ ಬಂದು ತೀರಿಕೊಂಡಿದ್ದಳು. ಅಪ್ಪ ಇನ್ನೊಂದು ಮದುವೆಯಾಗಿ ಹೈದರಾಬಾದಿಗೆ ಹೋಗಿದ್ದ. ಅವ್ವನ ಮುಖ ನನಗೆ ನೆನಪಿರಲಿಲ್ಲ. ಮನೆಯಲ್ಲಿದ್ದ ಒಂದೇ ಫೋಟೋದೊಳಗೆ ಮಳೆನೀರು ಇಳಿದು, ಸರಿಯಾಗಿ ಮುಖ ಇರುವ ಜಾಗದಲ್ಲೇ ಕಂದು ಕಲೆಯಾಗಿತ್ತು. ನನ್ನ ತಲೆ ಬಾಚಿ, ಹೇನು ತೆಗೆದು, ಬೈದು ಸಾಲಿಗೆ ಕಳಿಸುತ್ತಿದ್ದವಳು ಅವ್ವನ ತಂಗಿ ರತ್ನ ಮೌಶಿ. ಆ ಮೌಶಿಗೆ ಲಗ್ನ ಗೊತ್ತಾಯಿತು.

ಗಂಡು ಔರಾದ ಕಡೆಯವನು, ಭಾಲ್ಕಿಯಲ್ಲಿ ನೌಕರಿ. ಅವರ ಮನೆಯವರು ವರದಕ್ಷಿಣೆ ಕೇಳಲಿಲ್ಲ. "ನಮಗ ರೊಕ್ಕ ಬ್ಯಾಡ್ರಿ ಮಾಸ್ತರ. ನಮ್ಮ ಮಂದಿಗಿ ಮಾನದಿಂದ ಕರೀರಿ, ಅಷ್ಟಾದ್ರ ಸಾಕು" ಎಂದರು ಗಂಡಿನ ತಂದೆ. ಮಾಸ್ತರ ಅಂದರೆ ನನ್ನ ಮಾಮಾ, ಅವ್ವನ ಅಣ್ಣ. ಸಾಲಿಯಲ್ಲಿ ಗಣಿತ ಕಲಿಸುತ್ತಿದ್ದ, ಮನೆಯಲ್ಲೂ ಅದನ್ನೇ ನಡೆಸುತ್ತಿದ್ದ. ಒಂದು ಕಡ್ಡಿಪೆಟ್ಟಿಗೆ ಎಷ್ಟು ದಿನ ಬರಬೇಕು ಎಂಬುದು ಅವನಿಗೆ ಬಾಯಿಪಾಠ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಯಾರಾದರೂ ಹೆದರಿಸಿದರೆ "ನೋಡ್ತೇನಿ ತಡೀರಿ" ಎನ್ನುತ್ತಿದ್ದ.

ಅವನು ಕಂಡುಕೊಂಡ ಉಪಾಯ ಪಿತೃಪಕ್ಷ. ಆ ಹದಿನೈದು ದಿನ ಊರೆಲ್ಲ ತೀರಿಹೋದ ಹಿರಿಯರಿಗೆ ಎಡೆ ಇಡುತ್ತದೆ, ಶುಭಕಾರ್ಯವೊಂದೂ ನಡೆಯುವುದಿಲ್ಲ. ಮೈಲೂರಿನ ಫಂಕ್ಷನ್ ಹಾಲ್ ಖಾಲಿ, ಬ್ಯಾಂಡಿನವರು ಖಾಲಿ, ಭಾಲ್ಕಿಯ ಅಡಿಗೆಯವನೂ ಖಾಲಿ. ಎಲ್ಲರೂ ಅರ್ಧಕ್ಕೆ ಒಪ್ಪಿದರು.

"ಅಲ್ಲೋ ಅಪ್ಪಾ, ಪಕ್ಷದಾಗ ಲಗ್ನ ಯಾರು ಮಾಡ್ತಾರ?" ಎಂದಳು ಅಜ್ಜಿ. "ಇವು ಸತ್ತವರ ದಿನ."

"ಅವ್ವಾ, ನಾವು ಬೌದ್ಧರು. ನಮಗ ಎಲ್ಲಾ ದಿನಾನೂ ಒಳ್ಳೇವೇ. ಪಂಚಾಂಗ ಬಿಟ್ಟು ಎಷ್ಟು ವರ್ಷ ಆಯ್ತು?"

"ನಾವು ಬಿಟ್ಟೇವಿ. ಸತ್ತವರಿಗಿ ಯಾರು ಹೇಳ್ಯಾರ?"

ಮಾಮಾ ನಕ್ಕ. ಮೌಶಿಯೂ ನಕ್ಕಳು. ಅಜ್ಜಿ ಮಾತ್ರ ನಗಲಿಲ್ಲ.

ಮಾಮಾ ಪಟ್ಟಿ ಬರೆದ. ನೂರು ಮನೆ, ನೂರು ಪತ್ರಿಕೆ. ಮನೆಗಿಷ್ಟು ಮಂದಿ ಎಂದು ಹಿಡಿದು ಅಷ್ಟೇ ಪೂರಿ, ಅಷ್ಟೇ ಬುಂದಿ ಲಾಡು. "ಲಾಡು ಒಬ್ಬರಿಗಿ ಒಂದೇ. ನೀನೇ ಬಡಸು ಸುಜಾತಾ" ಎಂದು ನನಗೆ ಹೇಳಿದ. "ದೊಡ್ಡವರು ದಾಕ್ಷಿಣ್ಯಕ್ಕ ಬೀಳ್ತಾರ. ನೀ ಬೀಳಂಗಿಲ್ಲ." ನನಗೆ ಅಷ್ಟು ದೊಡ್ಡ ಹುದ್ದೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ಹೆಮ್ಮೆಯಿಂದ ಎರಡು ದಿನ ಯಾರ ಜೊತೆಯೂ ಕುಂಟೆಬಿಲ್ಲೆ ಆಡಲಿಲ್ಲ.

ಲಗ್ನದ ಬೇಳೆ, ಜೋಳವನ್ನು ಮನ್ನಳ್ಳಿಯ ನಮ್ಮ ಹೊಲದ ಮನೆಯಿಂದಲೇ ತರುವುದೆಂದು ಆಯಿತು. ಅಜ್ಜಿಯ ಜೊತೆ ನಾನೂ ಬಸ್ಸಿನಲ್ಲಿ ಹೋದೆ. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಕಿತ್ತು ಒಟ್ಟಿದ ಉದ್ದಿನ ಬಳ್ಳಿ ಕೊಳೆತ ವಾಸನೆ, ಕಾಲಿಗೆ ಮೆತ್ತುವ ಕೆಂಪು ಮಣ್ಣು. ಹೊಲದ ಬದುವಿನಲ್ಲಿ ಬೇವಿನ ಗಿಡದ ಕೆಳಗೆ ಅವ್ವನನ್ನು ಮಣ್ಣು ಮಾಡಿದ್ದರು. ಅಜ್ಜಿ ಸೆರಗಿನಿಂದ ಒಂದು ರೊಟ್ಟಿ, ಪುಂಡಿಪಲ್ಯ ತೆಗೆದು ಅಲ್ಲಿಟ್ಟಳು. ಇಡುವಾಗ ಹಿಂದೆ ಮುಂದೆ ನೋಡಿದಳು, ಇಪ್ಪತ್ತು ಕಿಲೋಮೀಟರ್ ದೂರದ ಮಾಮಾನಿಗೆ ಹೆದರಿ.

"ಅವ್ವ ಬರ್ತಾಳೇನು?" ಎಂದೆ.

"ಹೆಸರು ಹಿಡಿದು ಕರದ್ರ ಬರ್ತಾರ. ಕರೀದೆ ಯಾರೂ ಬರಂಗಿಲ್ಲ. ಸತ್ತವರಿಗೂ ಮಾನ ಇರ್ತದ, ಪೋರಿ."

ಈ ಮಾತು ನನ್ನ ತಲೆ ಹೊಕ್ಕಿತು. ಮೌಶಿ ಹೋದ ಮೇಲೆ ನನಗೆ ಯಾರು ಎಂಬ ಚಿಂತೆ ಆಗಲೇ ಹತ್ತಿತ್ತು. ಒಂದು ಸಲ, ಒಂದೇ ಸಲ ಅವ್ವನ ಮುಖ ನೋಡಬೇಕು ಎನ್ನಿಸಿತು. ಮನೆಗೆ ಬಂದವಳೇ ಮಾಮಾನ ಕಟ್ಟಿನಿಂದ ಒಂದು ಪತ್ರಿಕೆ ಎಳೆದೆ. ಪೆನ್ಸಿಲಿನಿಂದ "ಶ್ರೀಮತಿ ಶೋಭಾ, ಸಕುಟುಂಬ ಸಪರಿವಾರ" ಎಂದು ಬರೆದೆ. ಅವಳ ಕುಟುಂಬ ನಾನೇ ಅಲ್ಲವೇ ಎಂದು ಆಮೇಲೆ ಹೊಳೆದು ಕೊನೆಯ ಎರಡು ಪದ ಹೊಡೆದುಹಾಕಿದೆ.

ಎರಡು ದಿನ ಬಿಟ್ಟು ಉಳಿದ ಬೇಳೆ ತರಲು ಮತ್ತೆ ಮನ್ನಳ್ಳಿಗೆ ಹೋದೆವು. ಅಜ್ಜಿ ಚೀಲ ಹೊಲಿಯುತ್ತಿದ್ದಾಗ ನಾನು ಬದುವಿಗೆ ಓಡಿದೆ. ಚಪ್ಪಲಿ ಬಿಟ್ಟೆ. ಕೂತೆ. ಚಹಾ ಇರಲಿಲ್ಲ, ಬಾಟಲಿಯ ನೀರು ಕುಡಿದೆ. ಎರಡೂ ಕೈಯಿಂದ ಪತ್ರಿಕೆಯನ್ನು ತಲೆಯ ಕಡೆಯ ಕಲ್ಲಿನ ಕೆಳಗೆ ಇಟ್ಟು "ಬರಬೇಕ್ರಿ" ಎಂದೆ. ಹೆತ್ತ ತಾಯಿಗೆ ಬಹುವಚನ ಹಾಕಿದ್ದಕ್ಕೆ ಈಗ ನಗು ಬರುತ್ತದೆ, ಆದರೆ ಕರೆಯುವುದನ್ನು ನಾನು ಹಾಗೇ ಕೇಳಿದ್ದೆ. ಬೇವಿನ ಮೇಲೆ ಕೂತು ಅರಚುತ್ತಿದ್ದ ಕಾಗೆಗಳು ಸುಮ್ಮನಾದವು. ವಾಪಸ್ಸು ಬರುವಾಗ ಹಿಂದೆ ತಿರುಗಿ ನೋಡಬಾರದು ಎನ್ನಿಸಿತು. ಹಾಗೆಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಮನೆಯಲ್ಲಿ ಪತ್ರಿಕೆ ಒಂದು ಕಡಿಮೆ ಬಿತ್ತು. ಮಾಮಾ ಮೂರು ಸಲ ಎಣಿಸಿದ, ಪ್ರೆಸ್ಸಿನವನಿಗೆ ಬೈದ. ಪಟ್ಟಿಯಲ್ಲಿ ಉಳಿದಿದ್ದ ಕೊನೆಯ ಹೆಸರು ಗಂಡಿನ ಸೋದರತ್ತೆಯದು. ಔರಾದದಿಂದ ಆಚೆ ಒಂದು ಹಳ್ಳಿಯಲ್ಲಿದ್ದ ಆಕೆ ಆ ಮನೆತನಕ್ಕೇ ಹಿರಿಯಳು.

"ಒಂದೇ ಪತ್ರಿಕಾ ಯಾರು ಛಾಪಿಸಿ ಕೊಡ್ತಾರ? ಮ್ಯಾಲೆ ಅಷ್ಟು ದೂರ ಬಸ್ ಚಾರ್ಜ್ ಬ್ಯಾರೆ" ಎಂದ ಮಾಮಾ. "ಫೋನ್ ಹಚ್ಚಿ ಹೇಳ್ತೇನಿ."

"ಬ್ಯಾಡೋ. ಹೋಗಿ ಕರಿ" ಎಂದಳು ಅಜ್ಜಿ.

ಅವನು ಫೋನ್ ಹಚ್ಚಿದ. ಆ ಕಡೆಯಿಂದ "ಹೂಂ" ಎಂಬುದೊಂದೇ ಬಂತಂತೆ. ನಾನು ಬಾಯಿಗೆ ಬೀಗ ಹಾಕಿಕೊಂಡು ಮೌಶಿಯ ಬಳೆ ಜೋಡಿಸುತ್ತ ಕೂತಿದ್ದೆ.

ಲಗ್ನದ ದಿನ ಬೆಳಗಿನಿಂದ ಜಿಟಿಜಿಟಿ ಮಳೆ. ಹಗಲು ಹನ್ನೊಂದಕ್ಕೆ ಹಾಲಿನಲ್ಲಿ ಲೈಟು ಹಾಕಬೇಕಾಯಿತು. ಅರ್ಧ ರೊಕ್ಕಕ್ಕೆ ಅರ್ಧ ಬ್ಯಾಂಡು ಬಂದಿತ್ತು, ಇಬ್ಬರು ಡೋಲಿನವರು ಮತ್ತು ಒಬ್ಬ ಪೀಪಿಯವ. ಆ ಸದ್ದಿಗೆ ಮೈಲೂರಿನ ಹೆಂಗಸರು ಬಾಗಿಲಿಗೆ ಬಂದು, ಪಕ್ಷದಲ್ಲಿ ಮದುಮಗಳನ್ನು ಕಂಡು, ಮಕ್ಕಳನ್ನು ಒಳಗೆ ಎಳೆದುಕೊಂಡರು. ಕರೆದವರಲ್ಲಿ ಅರ್ಧ ಮಂದಿ ಬರಲೇ ಇಲ್ಲ. ಹೊಟ್ಟೆನೋವು, ಹೊಲದ ಕೆಲಸ, ಹೀಗೆ ಒಬ್ಬೊಬ್ಬರದು ಒಂದೊಂದು ನೆವ. ಹಾಲಿನ ಗೋಡೆಯ ಮೇಲೆ ಮಾತ್ರ ಕಾಗೆಗಳು ಒತ್ತೊತ್ತಿಗೆ ಕೂತಿದ್ದವು.

ನಮ್ಮಲ್ಲಿ ಮದುಮಗಳು ಬಿಳಿ ಸೀರೆ ಉಡುತ್ತಾಳೆ, ಬಂದವರೂ ಬಹಳಷ್ಟು ಬಿಳಿಯೇ. ಬುದ್ಧನ ಮೂರ್ತಿಯ ಮುಂದೆ ಮೇಣದಬತ್ತಿ ಹಚ್ಚಿ ಭಿಕ್ಷು ಬಂತೇಜಿ ಬುದ್ಧಂ ಶರಣಂ ಹೇಳಿಸಿದರು. ಖಾಲಿ ಹಾಲಿನಲ್ಲಿ ನಾವು ಹೇಳಿದ್ದು ಒಂದು ಗಳಿಗೆ ತಡವಾಗಿ ಹಿಂದಿನ ಕುರ್ಚಿಗಳಿಂದ ಮತ್ತೆ ಕೇಳಿಸುತ್ತಿತ್ತು. ನಾನು ಬಾಗಿಲನ್ನೇ ನೋಡುತ್ತಿದ್ದೆ. ಕಂದು ಕಲೆಯ ಹಿಂದಿನ ಆ ಮುಖ ಹೇಗಿರುತ್ತದೋ, ಬಂದರೆ ನನಗೆ ಗುರುತು ಸಿಗುತ್ತದೋ ಇಲ್ಲವೋ ಎಂದು ಯೋಚಿಸುತ್ತಿದ್ದೆ.

ಗಂಡಿನ ಕಡೆಯವರು ಮೊದಲ ಪಂಗತಿಯಲ್ಲಿ ಉಂಡು ಫೋಟೋಕ್ಕೆ ಹೋದರು. ಎರಡನೇ ಪಂಗತಿಗೆ ನಾನು ಲಾಡಿನ ಬುಟ್ಟಿ ಹಿಡಿದು ಹೊರಟಾಗ, ಕೊನೆಯ ಸಾಲಿನ ತುದಿಯಲ್ಲಿ ಒಬ್ಬಳೇ ಒಬ್ಬಳು ಕೂತಿದ್ದಳು. ಬಿಳಿ ಸೀರೆ, ಸೆರಗು ಹುಬ್ಬಿನ ತನಕ. ಬಂದದ್ದನ್ನು ನಾನು ನೋಡಿರಲಿಲ್ಲ, ಬಾಗಿಲ ಮೇಲೇ ಕಣ್ಣಿಟ್ಟಿದ್ದ ನಾನು.

ಮಾಮಾ ಓಡಿ ಬಂದ. "ಔರಾದದವರೇನ್ರಿ?" ಎಂದ. ಆಕೆ ತಲೆಯಾಡಿಸಿದಂತಿತ್ತು. ಬೀಗರ ಹೆಂಗಸರ ಮುಖವನ್ನು ಗಂಡಸರು ನಿಟ್ಟಿಸಿ ನೋಡುವುದು ನಮ್ಮಲ್ಲಿಲ್ಲ. ಅವನು ಹಿಗ್ಗಿನಿಂದ ಸೋದರತ್ತೆಗೆಂದು ಇಟ್ಟಿದ್ದ ಮಾನದ ಸೀರೆಯನ್ನು ಆಕೆಯ ಪಕ್ಕದ ಕುರ್ಚಿಯ ಮೇಲಿಟ್ಟು ಕೈ ಮುಗಿದ. ಫೋನಿನಲ್ಲಿ ಕರೆದರೂ ಬಂದರಲ್ಲ ಎಂದು ಅಜ್ಜಿಗೆ ಹೇಳಲು ಹೋದ. ಅಜ್ಜಿಗೆ ಕಣ್ಣಲ್ಲಿ ಪೊರೆ, ಅಷ್ಟು ದೂರ ಕಾಣುತ್ತಿರಲಿಲ್ಲ.

ನಾನು ಆಕೆಯ ತಟ್ಟೆಗೆ ಒಂದು ಲಾಡು ಹಾಕಿದೆ. ಕೈ ಮುದುಕಿಯ ಕೈ ಆಗಿರಲಿಲ್ಲ. ಬಳೆಗಳಿದ್ದವು, ಆದರೆ ಕೈ ಆಡಿದರೂ ಸದ್ದು ಮಾಡಲಿಲ್ಲ. ಸೀರೆಯ ಅಂಚಿಗೆ ಕೆಂಪು ಕೆಸರು. ಔರಾದದ ಮಣ್ಣು ಕಪ್ಪು ಎಂಬುದು ನನಗೆ ಆಗ ಹೊಳೆಯಲಿಲ್ಲ. ಸಾಲು ಮುಗಿಸಿ ತಿರುಗಿ ಬರುವಷ್ಟರಲ್ಲಿ ಆಕೆ ಲಾಡು ತಿಂದು ಮುಗಿಸಿ ಎಡಗೈಯನ್ನು ಬೊಗಸೆ ಮಾಡಿ ನನ್ನ ಮುಂದೆ ಒಡ್ಡಿದಳು.

"ಇನ್ನೊಂದು ಕೊಡ್ತೀಯೇನು, ನನ್ ತಾಯಿ?"

"ಒಬ್ಬರಿಗಿ ಒಂದೇ ರಿ. ಮಾಮಾ ಹೇಳ್ಯಾನ" ಎಂದೆ.

ಕೈ ಹಾಗೇ ಇತ್ತು. ನಾನು ಬುಟ್ಟಿಯ ಮೇಲೆ ಅರಿವೆ ಮುಚ್ಚಿದೆ. ಆಕೆ ನಕ್ಕಳು, ಸೆರಗಿನ ಕೆಳಗೆ ಗದ್ದ ಮಾತ್ರ ಕಂಡಿತು. ಆಮೇಲೆ ಅದೇ ಕೈಯನ್ನು ನನ್ನ ತಲೆಯ ಮೇಲಿಟ್ಟಳು. ಅದು ತಣ್ಣಗಿತ್ತು, ತೊಯ್ದ ಮಣ್ಣಿನ ವಾಸನೆ ಬರುತ್ತಿತ್ತು. "ಆತು ಬಿಡು" ಎಂದಳು. ನಾನು ಮತ್ತೆ ಬಾಗಿಲು ಕಾಯಲು ಓಡಿದೆ.

ಪಂಗತಿ ಎದ್ದಾಗ ಆಕೆ ಇರಲಿಲ್ಲ. ಸೀರೆ ಇಟ್ಟಲ್ಲೇ ಇತ್ತು. ಆಕೆ ಕೂತಿದ್ದ ಕುರ್ಚಿಯ ಮುಂದೆ ಎರಡು ಕೆಂಪು ಹೆಜ್ಜೆ ಮೂಡಿದ್ದವು. ಅಲ್ಲಿಂದ ಬಾಗಿಲ ತನಕ ಒಂದೂ ಇರಲಿಲ್ಲ. ಕಸ ಹೊಡೆಯುವಾಕೆ ಗೊಣಗುತ್ತ ಆ ಎರಡನ್ನೂ ಒರೆಸಿದಳು.

ಮೌಶಿ ಜೀಪು ಹತ್ತಿದಳು. ನಾನು ಗಾಲಿಯ ಹಿಂದೆ ಓಡಿ ಓಡಿ ಅತ್ತೆ. ಮೌಶಿ ಹೋದಳು, ಪತ್ರಿಕೆ ಕೊಟ್ಟರೂ ಅವ್ವ ಬರಲಿಲ್ಲ ಎಂದು ಇಬ್ಬರ ಮೇಲೂ ಸಿಟ್ಟು.

ಮೂರು ದಿನದ ಮೇಲೆ, ಆಕೆ ಬಿಟ್ಟುಹೋದ ಸೀರೆಯನ್ನು ಕೊಟ್ಟುಬರಲು ಮಾಮಾ ಔರಾದದ ಕಡೆ ಹೋದ. ಸಂಜೆಗೆ ಮೋರೆ ಇಳಿಬಿಟ್ಟುಕೊಂಡು ಸೀರೆಯ ಸಮೇತ ವಾಪಸ್ಸು ಬಂದ. ಸೋದರತ್ತೆ ಲಗ್ನಕ್ಕೆ ಬಂದೇ ಇರಲಿಲ್ಲ. "ಫೋನ್ ಮಾಡಿದ್ರ ಬರಾಕ ನಾ ಏನ್ ಆಟೋ ಏನ್ರಿ ಮಾಸ್ತರ?" ಎಂದು ಕೇಳಿ, ಸೀರೆಯನ್ನು ಮುಟ್ಟದೆ ಒಳಗೆ ಹೋದಳಂತೆ. ಆ ಸಿಟ್ಟು ಬಹಳ ವರ್ಷ ಇಳಿಯಲಿಲ್ಲ. ಹಬ್ಬ ಹಬ್ಬಕ್ಕೂ ಮೌಶಿ ಅದನ್ನು ಕೇಳಿಸಿಕೊಂಡಳು. ನಾಲ್ಕು ಹಿರಿಯರನ್ನು ಕರೆದುಕೊಂಡು, ಇನ್ನೂ ಭಾರಿ ಸೀರೆ ಹೊತ್ತುಕೊಂಡು ಮಾಮಾ ಎಷ್ಟು ಸಲ ಹೋದನೋ. ಅಗ್ಗಕ್ಕೆ ಹೋಗಿ ಮುಗ್ಗಿದ ಜೋಳ ತಂದಂಗಾಯ್ತು ಎಂದಳು ಅಜ್ಜಿ.

"ಹಂಗಾದ್ರ ಅವತ್ತು ಬಂದಾಕಿ ಯಾರು?" ಎಂದು ಮಾಮಾ ವಾಪಸ್ಸು ಬಂದ ಆ ಸಂಜೆಯೇ ಅಜ್ಜಿ ಕೇಳಿದ್ದಳು.

"ಯಾರೋ ಹಸದಾಕಿ. ಉಂಡು ಹೋಗಲಿ ಬಿಡು" ಎಂದ ಮಾಮಾ.

ಅಜ್ಜಿ ನನ್ನನ್ನು ಹಿತ್ತಲಿಗೆ ಕರೆದಳು. ಅಲ್ಲಿ ಮೂಲೆಯಲ್ಲಿ ಉಳಿದ ಲಾಡಿನ ಎರಡು ಡಬ್ಬಿಗಳಿದ್ದವು. ಮಂದಿ ಬರದೆ ಅರ್ಧಕ್ಕರ್ಧ ಉಳಿದು, ಮಳೆಗಾಲದ ತೇವಕ್ಕೆ ಬೂಸಲು ಹಿಡಿಯುತ್ತಿತ್ತು.

"ಆಕಿಗಿ ನೀನೇ ಬಡಿಸಿದ್ದೆಲ್ಲ. ಏನರ ಅಂದ್ಳೇನು?"

"ಇನ್ನೊಂದು ಲಾಡು ಕೇಳಿದ್ಳು. ನಾ ಕೊಡಲಿಲ್ಲ."

"ಯಾವ ಕೈ ಒಡ್ಡಿದ್ಳು?"

ನಾನು ಎಡಗೈ ತೋರಿಸಿದೆ. ಅಜ್ಜಿ ಆ ನನ್ನ ಕೈಯನ್ನು ಹಿಡಿದುಕೊಂಡಳು. "ಎಡಚಿ" ಎಂದಳು. "ಎಷ್ಟು ಬಡದರೂ ಆ ಕೈ ಬಿಡಲಿಲ್ಲ ನಿಮ್ಮವ್ವ. ಲಾಡು ಅಂದ್ರ ಎರಡನೇದಕ್ಕ ಒಡ್ಡೇ ಒಡ್ಡಾಕಿ."

ಆಗ ಪತ್ರಿಕೆಯ ಸಂಗತಿಯೆಲ್ಲ ಹೇಳಿಬಿಟ್ಟೆ. ಅಜ್ಜಿ ಬೈಯಲಿಲ್ಲ, ಮಾಮಾನಿಗೂ ಹೇಳಲಿಲ್ಲ. ಮರುದಿನ ಇಬ್ಬರೂ ಒಂದು ಡಬ್ಬಿ ಹೊತ್ತುಕೊಂಡು ಮನ್ನಳ್ಳಿಗೆ ಹೋದೆವು. ಕಲ್ಲು ಎತ್ತಿ ಪತ್ರಿಕೆ ಇದೆಯೋ ಇಲ್ಲವೋ ನೋಡುವ ಧೈರ್ಯ ನನಗೆ ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಈಗ ಲಗ್ನಕ್ಕೆ ಕರೆಯುವುದು ವಾಟ್ಸಾಪಿನಲ್ಲಿ. ಒಂದು ಬೆರಳಿಗೆ ಐನೂರು ಮನೆ ಮುಟ್ಟುತ್ತದೆ, ಯಾರ ಮನೆಯ ಚಹಾ ಹೇಗಿತ್ತು ಎಂಬುದು ಯಾರಿಗೂ ಗೊತ್ತಿಲ್ಲ. ಅಜ್ಜಿಯೂ ಇಲ್ಲ. ನನ್ನ ಲಗ್ನ ಭಾಲ್ಕಿಯಲ್ಲಿ ಆಯಿತು, ಪೂರ್ತಿ ಬಾಡಿಗೆಗೆ, ಪಕ್ಷ ಕಳೆದ ಮೇಲೆ. ಮಾಮಾ ಹಳೆಯ ಲೆಕ್ಕವನ್ನೆಲ್ಲ ಬಿಟ್ಟು, ಬುಫೆಯ ಬಳಿ ನಿಂತು "ಎಷ್ಟು ಬೇಕು ಅಷ್ಟು ತಗೋರಿ" ಎನ್ನುತ್ತಿದ್ದ. ಮಂದಿ ಸಕ್ಕರೆ ಕಾಯಿಲೆ ಎಂದು ಅರ್ಧ ಮುರಿದು ಇಟ್ಟು ಹೋಗುತ್ತಿದ್ದರು. ಅವ್ವನಿಗೆ ನಾನೇ ಹೋಗಿ ಆ ಕಲ್ಲಿನ ಮೇಲೆ ಪತ್ರಿಕೆ ಇಟ್ಟು ಬಂದಿದ್ದೆ. ತುಂಬಿ ತುಳುಕುತ್ತಿದ್ದ ಆ ಹಾಲಿನಲ್ಲಿ ಸೆರಗು ಹೊದ್ದವರು ಒಬ್ಬರೂ ಕಾಣಲಿಲ್ಲ.

ಪ್ರತಿ ವರ್ಷ ಪಕ್ಷದಲ್ಲಿ ಆ ಬೇವಿನ ಕೆಳಗೆ, ಎಡಗಡೆಗೆ, ಎರಡು ಲಾಡು ಇಟ್ಟು ಬರುತ್ತೇನೆ. ಮರುದಿನ ಹೋಗಿ ನೋಡಿದರೆ ಒಂದು ಇರುವುದಿಲ್ಲ. ಇನ್ನೊಂದು ಇಟ್ಟಲ್ಲೇ ಇರುತ್ತದೆ.