ಮಹ್ತಾಬ್ ಹಡಗಿನ ಹನ್ನೊಂದು ಹೆಸರು

ಶಾಹುಲ್ ಹಮೀದ್ ಅವರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನಗೆ ಬುದ್ಧಿ ಹೇಳಲು ಬರಬೇಡಿ. ಆ ಕೆಲಸವನ್ನು ನನ್ನ ಹೆಂಡತಿ ಕೋಕಿಲಾ ನಾಲ್ಕು ವರ್ಷದಿಂದ ಬಿಡುವಿಲ್ಲದೆ ಮಾಡುತ್ತಿದ್ದಾಳೆ.

ನಾನು ಸುಧೀಂದ್ರ, ದಾವಣಗೆರೆಯವನು. ದೊಡ್ಡ ಕಟ್ಟಡಗಳಿಗೆ ಹವಾನಿಯಂತ್ರಣ ಯಂತ್ರ ಕೂಡಿಸುವ ಕಂಪನಿಯಲ್ಲಿ ಎಂಜಿನಿಯರ್. 2006ರಲ್ಲಿ ಬಹರೇನಿಗೆ ಬಂದಾಗ ಕಂಪನಿ ನನಗೆ ಗುಫೂಲ್‌ನಲ್ಲಿ ಒಂದು ಫ್ಲ್ಯಾಟು, ಒಂದು ಬಿಳಿ ಕಾರು, ಆ ಕಾರಿಗೊಬ್ಬ ಡ್ರೈವರನ್ನು ಕೊಟ್ಟಿತು. ಆ ಡ್ರೈವರೇ ಶಾಹುಲ್ ಹಮೀದ್. ಉಚ್ಚಿಲದ ಬ್ಯಾರಿ, ಏಳನೇ ಕ್ಲಾಸಿನವರೆಗೆ ಓದಿದವರು, ನನಗಿಂತ ಹನ್ನೆರಡು ವರ್ಷ ದೊಡ್ಡವರು. ಆದರೂ ನಾನು ಅವರನ್ನು ಮೊದಲ ದಿನದಿಂದ 'ನೀನು' ಎಂದೇ ಮಾತಾಡಿಸಿದೆ. ಕಾಗದದಲ್ಲಾದರೂ 'ಅವರು' ಎಂದು ಬರೆಯುವ ಸಂಸ್ಕಾರ ಬಂದದ್ದು ಈಗ.

ಹದಿನೈದನೇ ವಯಸ್ಸಿಗೆ ಮುಂಬೈಯ ಹೋಟೆಲಿನಲ್ಲಿ ಲೋಟ ತೊಳೆದು, ಅಲ್ಲೇ ಲಾರಿ ಕಲಿತು, ಸೌದಿಗೆ ಹೋಗುವ ಸೇತುವೆ ಕಟ್ಟುತ್ತಿದ್ದ ಕಾಲಕ್ಕೆ ಇಲ್ಲಿಗೆ ಬಂದು ಕಲ್ಲು-ಮಣ್ಣು ಹೊತ್ತವರು ಅವರು. ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಸಲ ದಂಡ ಕಟ್ಟಿದ್ದರಂತೆ, ಅದೂ ರಸ್ತೆ ದಾಟುತ್ತಿದ್ದ ಬೆಕ್ಕಿಗಾಗಿ ಗಕ್ಕನೆ ನಿಲ್ಲಿಸಿದ್ದಕ್ಕೆ. ಹಮದ್ ಟೌನಿನಲ್ಲಿ ಎರಡು ಕೋಣೆಯ ಮನೆ, ಹೆಂಡತಿ, 2009ರಲ್ಲಿ ಹತ್ತನೇ ಕ್ಲಾಸಿಗೆ ಬಂದಿದ್ದ ಮಗಳು ಹಿಬಾ.

ಒಂದು ದಿನ ಟೋಲ್ ರಸೀದಿ ಹುಡುಕುತ್ತಾ ಕಾರಿನ ಡ್ಯಾಶ್‌ಬೋರ್ಡ್ ತೆರೆದರೆ ಕಾಗದದ ದೊಡ್ಡ ಕಂತೆ ಮಡಿಲಿಗೆ ಬಿತ್ತು. ಕಂಪನಿ ಸಮಯದಲ್ಲಿ ಈ ಮನುಷ್ಯ ಬೇರೆ ಯಾವುದೋ ದಂಧೆ ನಡೆಸುತ್ತಿದ್ದಾನೆ ಎಂದುಕೊಂಡು ನನಗೆ ಪಿತ್ತ ನೆತ್ತಿಗೇರಿತು.

"ಏನಯ್ಯಾ ಇದು?" ಎಂದು ಕೂಗಿದೆ.

"ಎಂತದು ಇಲ್ಲ ಸರ್, ಒಂದು ಹಡಗಿನದ್ದು," ಎಂದರು. "ಮಹ್ತಾಬ್ ಅಂತ. ಈಗ ಇಲ್ಲ, ಒಡೆದು ಮಾರಿ ನೂರ ಮೂವತ್ತು ವರ್ಷ ಆಯ್ತು."

ಒಂದೊಂದು ಮೀಟಿಂಗಿಗೂ ನಾನು ಅವರನ್ನು ಹೊರಗೆ ಎರಡೆರಡು ಗಂಟೆ ಕಾಯಿಸುತ್ತಿದ್ದೆನಲ್ಲ, ಆ ಹೊತ್ತಿನಲ್ಲಿ ಅವರು ಸ್ಟೇರಿಂಗಿನ ಮೇಲೆ ಕಾಗದವಿಟ್ಟುಕೊಂಡು ಆ ಹಡಗಿನ ಸೇವಾ ಚರಿತ್ರೆ ಬರೆಯುತ್ತಿದ್ದರು. ಇಂಟರ್‌ನೆಟ್ಟಿನಿಂದ ಇಂಗ್ಲಿಷ್ ಪುಟಗಳನ್ನು ಹಿಬಾ ತೆಗೆದುಕೊಡುವಳು, ಅರ್ಥ ಹೇಳುವಳು, ಇವರು ಕನ್ನಡದಲ್ಲಿ ಬರೆದುಕೊಳ್ಳುವರು. ಮುಂಬೈಯ ಹಳೆಯ ದಾಖಲೆಗಳ ಕಚೇರಿಗೆ ಮೂರು ವರ್ಷ ಪತ್ರ ಬರೆದು ಬರೆದು ಹಡಗಿನ ಮೂಲ ದಾಖಲೆಯ ನಕಲನ್ನೂ ತರಿಸಿದ್ದರು.

ಆಮೇಲೆ ಸನದ್ ಕಡೆಯ ಸೈಟಿಗೆ ಹೋಗುವಾಗೆಲ್ಲ ನನಗೆ ಮಹ್ತಾಬ್ ಕತೆ. ಮುಂಬೈಯಲ್ಲಿ ತೇಗದ ಮರದಿಂದ ಕಟ್ಟಿದ ಯುದ್ಧನೌಕೆ, 1846ರಲ್ಲಿ ನೀರಿಗಿಳಿದದ್ದು. ಎಂಜಿನು ಇಂಗ್ಲೆಂಡಿನದು. ಎರಡು ಪಕ್ಕೆಗೂ ಮನೆಯೆತ್ತರದ ಚಕ್ರ. "ಗಾಳಿ ಉಂಟಾದ್ರೆ ಹಾಯಿ ಸರ್, ಇಲ್ಲದಿದ್ರೆ ಕಲ್ಲಿದ್ದಲು. ಚಕ್ರ ತಿರುಗಿ ನೀರು ಬಡಿದ್ರೆ ಎರಡು ಮೈಲಿಗೆ ಕೇಳ್ತಿತ್ತಂತೆ." ಮೊದಲು ಏಡನ್ನಿಗೂ ಸುಯೆಜ್ಜಿಗೂ ಟಪಾಲು ಹೊತ್ತಿತು. 1852ರಲ್ಲಿ ಬರ್ಮಾ ಯುದ್ಧಕ್ಕೆ ಸೈನಿಕರನ್ನು ಸಾಗಿಸಿತು. ಅಲ್ಲಿಂದ ಈ ಕೊಲ್ಲಿಗೆ ಬಂತು. 1854ರ ಆಗಸ್ಟ್ ತಿಂಗಳಲ್ಲಿ ಮನಾಮಾದಿಂದ ಆಚೆ, ಆಳದ ನೀರಿನಲ್ಲಿ ಲಂಗರು ಹಾಕಿ ನಿಂತಿದ್ದಾಗ ಬಾಯ್ಲರಿನ ಹಬೆ ಕೊಳವೆ ಒಡೆಯಿತು. ಕೆಳಗೆ ಬೆಂಕಿಕೋಣೆಯಲ್ಲಿ ಕಲ್ಲಿದ್ದಲು ತುಂಬುತ್ತಿದ್ದ ಹನ್ನೊಂದು ಮಂದಿ ಬೆಂದು ಸತ್ತರು. ಕಪ್ತಾನನ ವರದಿಯಲ್ಲಿ ಮಾತ್ರ 'ಹಡಗಿಗೆ ಹೇಳುವಂಥ ಹಾನಿಯಿಲ್ಲ' ಎಂದಿದೆ. ಸತ್ತವರನ್ನು ದಡಕ್ಕೆ ತಂದು ಹೂತರು, ಎಲ್ಲಿ ಎಂದು ಬರೆದಿಲ್ಲ; ಹನ್ನೊಂದು ಮಂದಿಯ ಹೆಸರು, ಊರು ಮಾತ್ರ ಆ ಮೂಲ ದಾಖಲೆಯಲ್ಲಿವೆ.

ಹಬೆ ಕೊಳವೆ ಏಕೆ ಒಡೆಯುತ್ತದೆ ಎಂದು ನಾನು ಎಂಜಿನಿಯರಿನ ಗತ್ತಿನಲ್ಲಿ ಪಾಠ ಮಾಡಿದೆ. ಅವರು ಕೇಳಿಸಿಕೊಂಡರು. ಕೊನೆಗೆ ಹೇಳಿದರು, "ಆ ಹನ್ನೊಂದರಲ್ಲಿ ಒಂಬತ್ತನೆಯವರು ಮೊಯ್ದೀನ್ ಕುಂಞಿ, ಮಂಗಳೂರು. ಅವರು ನಮ್ಮವರು ಸರ್. ಉಮ್ಮನ ಮುತ್ತಜ್ಜನ ತಂದೆ."

ಅಸಲು ವಿಷಯ ಅದು. ಉಚ್ಚಿಲದಲ್ಲಿ ಅವರ ಉಮ್ಮ, ಅಂದರೆ ತಾಯಿ, ಸುಬೈದಾ ಅವರ ಮನೆಗೆ 'ಓಡಿಹೋದವನ ಮನೆ' ಎಂದೇ ಹೆಸರು. ಹಾಲಿನವನಿಂದ ಹಿಡಿದು ಪೋಸ್ಟ್‌ಮ್ಯಾನ್‌ವರೆಗೆ ಎಲ್ಲರ ಬಾಯಲ್ಲೂ ಅದೇ. ಮೊಯ್ದೀನ್ ಕುಂಞಿ ಹೆಂಡತಿ-ಮಗುವನ್ನು ಬಿಟ್ಟು ಹಡಗು ಹತ್ತಿದವನು ಅರಬರ ದೇಶದಲ್ಲಿ ಇನ್ನೊಂದು ಮದುವೆಯಾಗಿ ಸುಖವಾಗಿದ್ದ ಎಂದು ಊರು ತೀರ್ಮಾನ ಮಾಡಿ ಒಂದೂವರೆ ಶತಮಾನವಾಗಿತ್ತು. ಆ ಮನೆಯ ಹೆಣ್ಣು ಕೇಳಲು ಬಂದವರು, ಆ ಮನೆಯ ಗಂಡಿನ ಜೊತೆ ಜಗಳಕ್ಕೆ ನಿಂತವರು, ಎಲ್ಲರೂ ಅದನ್ನು ಎತ್ತುವವರೇ.

"ನಾನು ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ? ಅಚ್ಚಾಗಿ ಬರ್ಬೇಕು ಸರ್. ಬುಕ್ಕಿನಲ್ಲಿ ಬಂದ್ರೆ ಊರು ಬಾಯಿ ಮುಚ್ತದೆ," ಎಂದರು.

ಆಗ ನಾನು ನಮ್ಮ ಮುತ್ತಿನದ್ವೀಪ ಕನ್ನಡ ಬಳಗದ ಸ್ಮರಣ ಸಂಚಿಕೆಗೆ ಸಂಪಾದಕ. ಬಲು ದೊಡ್ಡ ಹುದ್ದೆ ನೋಡಿ! 2009ರ ರಾಜ್ಯೋತ್ಸವದ ಸಂಚಿಕೆಗೆ ಒಳ್ಳೆಯ ಲೇಖನವೇ ಇರಲಿಲ್ಲ. 'ತಾಯ್ನಾಡ ನೆನಪು' ಎಂದು ಒಂದೇ ಕವನವನ್ನು ಹನ್ನೆರಡು ಜನ ಬರೆದು ಕಳಿಸಿದ್ದರು. ನಾನೇ ಶಾಹುಲ್ ಅವರ ಬೆನ್ನು ಹತ್ತಿ ಬರೆಸಿದೆ. ಅವರು ಲೇಖನವನ್ನೂ, ಮೂಲದ ನಕಲನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ನಕಲನ್ನು ನನ್ನ ಮೇಜಿನ ಡ್ರಾಯರಿಗೆ ಹಾಕಿದೆ. ಲೇಖನ ಚೆನ್ನಾಗಿತ್ತು. ಕಾಗುಣಿತ ತಿದ್ದಿದ್ದು ಬಿಟ್ಟರೆ ನಾನು ಕೈ ಹಾಕುವಂಥದ್ದು ಏನೂ ಇರಲಿಲ್ಲ.

ನಮ್ಮ ಕಡಲಾಚೆಯ ಸಂಘಗಳ ಸಂಚಿಕೆ ನೋಡಿದವರಿಗೆ ಗೊತ್ತು, ಅದರಲ್ಲಿ ಓದುವ ಪುಟಕ್ಕಿಂತ ನೋಡುವ ಪುಟ ಹೆಚ್ಚು. ಅಧ್ಯಕ್ಷರು, ಉಪಾಧ್ಯಕ್ಷರು, ಮಾಜಿ ಅಧ್ಯಕ್ಷರು, ವೇದಿಕೆ ಸಮಿತಿ, ಊಟದ ಸಮಿತಿ, ಊಟದ ಸಮಿತಿಯ ಸಹಸಂಚಾಲಕರು, ಒಬ್ಬೊಬ್ಬರದೂ ಟೈ ಕಟ್ಟಿದ ಪಾಸ್‌ಪೋರ್ಟ್ ಫೋಟೋ, ಕೆಳಗೆ ಪೂರ್ತಿ ಹೆಸರು. ಒಬ್ಬರದು ಬಿಟ್ಟುಹೋದರೆ ಬಳಗವೇ ಎರಡು ಹೋಳು. ಪ್ರೆಸ್ಸಿಗೆ ಕಳಿಸುವ ದಿನ ಅಧ್ಯಕ್ಷ ಜಯದೇವ ಫೋನ್ ಮಾಡಿದ. "ಸುಧೀ, ಪಾರ್ಕಿಂಗ್ ಸಮಿತಿಯ ನಾಲ್ಕು ಜನರ ಫೋಟೋ ಬಿಟ್ಟುಹೋಗಿದೆ. ಕುಣೀತಾ ಇದಾರೆ. ಹೇಗಾದ್ರೂ ಅಡ್ಜಸ್ಟ್ ಮಾಡು ಮಾರಾಯಾ."

ಪುಟ ಹೆಚ್ಚಿಸುವಂತಿರಲಿಲ್ಲ. ನಾನು ಮೇಲಿಂದ ಕೆಳಗೆ ಕಣ್ಣಾಡಿಸಿದೆ. ಮಹ್ತಾಬ್ ಲೇಖನದ ನಡುವೆ ಹನ್ನೊಂದು ಸಾಲು, ಒಂದು ಸಾಲಿಗೆ ಒಂದು ಹೆಸರು. ನಾಲ್ಕು ಫೋಟೋ ಹಿಡಿಯುವಷ್ಟೇ ಜಾಗ. ಈ ಹೆಸರುಗಳನ್ನೆಲ್ಲ ಯಾರು ಓದುತ್ತಾರೆ ಎಂದುಕೊಂಡೆ. ಮೊಯ್ದೀನ್ ಕುಂಞಿ ಆ ಸಾಲುಗಳಲ್ಲಿದ್ದಾರೆಂಬುದು ನನಗೆ ಗೊತ್ತಿತ್ತು. ಮರೆತಿದ್ದೆ ಎಂದು ಸುಳ್ಳು ಹೇಳಲಾರೆ. ಗೊತ್ತಿದ್ದೂ ಅಳಿಸಿದೆ. ಥೂ, ನನ್ನ ಜನ್ಮಕ್ಕಿಷ್ಟು!

ಹೋಗಲಿ, ಅದೊಂದನ್ನು ಅವಸರದ ತಪ್ಪು ಎಂದಾದರೂ ಹೇಳಬಹುದಿತ್ತು. ಸಂಚಿಕೆ ಬಂದದ್ದು ಡಿಸೆಂಬರಿನಲ್ಲಿ, ಶಾಹುಲ್ ಹೆಂಡತಿ-ಮಗಳೊಂದಿಗೆ ಊರಿಗೆ ಹೊರಟ ದಿನ. ಅವರ ತಂಗಿಯ ಮಗಳು ನಸೀಹಾಳ ನಿಶ್ಚಿತಾರ್ಥವಿತ್ತು. ನಾನೇ ವಿಮಾನ ನಿಲ್ದಾಣಕ್ಕೆ ಹೋಗಿ ಇಪ್ಪತ್ತು ಪ್ರತಿಯ ಕಟ್ಟನ್ನು ಅವರ ಕೈಗಿತ್ತೆ. ಅವರು ಕಟ್ಟು ಬಿಚ್ಚಲಿಲ್ಲ. ಉಮ್ಮನ ಕೈಯಿಂದಲೇ ಬಿಚ್ಚಿಸಬೇಕು, ಎರಡೂ ಕಡೆಯ ನೆಂಟರ ಮುಂದೆ ಮಸೀದಿಯ ಖತೀಬರಿಂದ ಓದಿಸಬೇಕು ಎಂದರು. ಆಮೇಲೆ ಮುಖ ಅರಳಿಸಿಕೊಂಡು ಕೇಳಿದರು, "ಹೆಸರೆಲ್ಲ ಬಂದಿದೆ ಅಲ್ವಾ ಸರ್?"

"ಎಲ್ಲ ಬಂದಿದೆ. ಹೋಗಿ ಬಾ," ಎಂದೆ.

ಅಷ್ಟು ಸಲೀಸಾಗಿ ಬಂತು ಆ ಮಾತು. ಅವರು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು ಒಳಗೆ ಹೋದರು. ನಾನು ಟ್ಯಾಕ್ಸಿ ಹಿಡಿದು ಮನೆಗೆ ಬಂದು ಊಟ ಮಾಡಿದೆ.

ಊರಿನಲ್ಲಿ ಏನಾಯಿತೆಂದು ನನಗೆ ತಿಳಿದದ್ದು ಕೋಕಿಲಾಳಿಂದ. ಅವಳು ಗಣಿತದ ಟೀಚರು, ಹಿಬಾ ಅವಳ ಕ್ಲಾಸಿನವಳೇ. ರಜೆ ಮುಗಿಸಿ ಬಂದ ಹುಡುಗಿ ಸ್ಟಾಫ್ ರೂಮಿನಲ್ಲಿ ನಿಂತು ಅತ್ತಳಂತೆ. ನಿಶ್ಚಿತಾರ್ಥದ ದಿನ ನಲವತ್ತು ಜನ ಕೂತಿದ್ದರು. ಸುಬೈದಾ ಕಟ್ಟು ಬಿಚ್ಚಿದರು. ಖತೀಬರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. ಕೊಳವೆ ಒಡೆಯಿತು, ಹನ್ನೊಂದು ಮಂದಿ ಸತ್ತರು ಎಂಬಲ್ಲಿಗೆ ಬಂದಾಗ ಶಾಹುಲ್ ಎದ್ದು ನಿಂತರು. ಖತೀಬರು ಪುಟ ತಿರುಗಿಸಿದರೆ ಅಲ್ಲಿ ಟೈ ಕಟ್ಟಿದ ನಾಲ್ಕು ಮುಖ, ಅದರ ಕೆಳಗೆ '1857ರಲ್ಲಿ ಮಹ್ತಾಬ್ ಬುಶೈರ್ ಯುದ್ಧಕ್ಕೆ ಸೈನಿಕರನ್ನು ಸಾಗಿಸಿತು.' ಶಾಹುಲ್ ಪುಸ್ತಕ ತೆಗೆದುಕೊಂಡು ಹಿಂದೆ ಮುಂದೆ ಮಗುಚಿ ಹುಡುಕಿದರು. ಇನ್ನೊಂದು ಪ್ರತಿ ತೆಗೆದು ಹುಡುಕಿದರು. ಗಂಡಿನ ಕಡೆಯ ಹಿರಿಯರೊಬ್ಬರು ನಕ್ಕು ಕೇಳಿದರಂತೆ, "ಈ ನಾಲ್ಕರಲ್ಲಿ ನಿಮ್ಮವನು ಯಾರು ಮಾರಾಯ್ರೆ? ಓಡಿಹೋದವ ಬುಕ್ಕಿನಿಂದಲೂ ಓಡಿದನಾ?" ಮನೆ ತುಂಬ ನಗು. ತೋರಿಸಲು ಮೂಲದ ನಕಲಾದರೂ ಅವರ ಕೈಯಲ್ಲಿ ಇರಲಿಲ್ಲ. ಅದು ಗುಫೂಲ್‌ನಲ್ಲಿ ನನ್ನ ಡ್ರಾಯರಿನಲ್ಲಿತ್ತು.

"ಅವರ ಮಾನವನ್ನು ಪಾರ್ಕಿಂಗ್ ಸಮಿತಿಗೆ ಕೊಟ್ಟಿರಿ," ಎಂದಳು ಕೋಕಿಲಾ. "ಎಂಜಿನಿಯರಂತೆ, ಸಂಪಾದಕರಂತೆ! ಮೊದಲು ಮನುಷ್ಯರಾಗಿ." ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ಮರುದಿನ ಶಾಹುಲ್ ಎಂದಿನಂತೆ ಏಳೂವರೆಗೆ ಕಾರು ತಂದರು. ಸಲಾಮು ಹೇಳಿದರು. ನಾನು ರಾತ್ರಿಯೆಲ್ಲ ಕ್ಷಮೆಯ ಮಾತು ಜೋಡಿಸಿಟ್ಟವನು, ಬಾಯಿ ಬಿಟ್ಟಾಗ ಹೇಳಿದ್ದೇನು ಗೊತ್ತೆ? "ಆ ಪ್ರೆಸ್ಸಿನವರು ನೋಡು ಶಾಹುಲ್, ಹನ್ನೊಂದು ಸಾಲು ಹಾರಿಸಿಬಿಟ್ಟಿದ್ದಾರೆ." ಅವರು ಎರಡು ಸಿಗ್ನಲ್ ದಾಟಿದ ಮೇಲೆ ರಸ್ತೆಯನ್ನೇ ನೋಡುತ್ತಾ ಅಂದರು, "ಜಯದೇವ ಸರ್‌ಗೆ ಫೋನ್ ಮಾಡಿ ಕೇಳಿದ್ದೆ ಸರ್. ಅದು ನೀವು ತೆಗೆದದ್ದಂತೆ. ಆಗ್ಲಿ ಬಿಡಿ." ಆಮೇಲೆ ಏಸಿ ಸ್ವಲ್ಪ ಕಡಿಮೆ ಮಾಡಲೇ ಎಂದು ಕೇಳಿದರು. ಬೈದಿದ್ದರೆ, ಕಾರು ನಿಲ್ಲಿಸಿ ಕಪಾಳಕ್ಕೊಂದು ಕೊಟ್ಟಿದ್ದರೆ, ನಾನು ಬದುಕಿಕೊಳ್ಳುತ್ತಿದ್ದೆ.

ಆ ವಾರವೇ ಮನಾಮಾದ ಒಂದು ಪುಟ್ಟ ಪ್ರೆಸ್ಸಿಗೆ ಹೋಗಿ ಲೇಖನವನ್ನು ಬೇರೆ ಪುಸ್ತಿಕೆಯಾಗಿ ಅಚ್ಚು ಹಾಕಿಸಿದೆ. ಹೆಸರುಗಳು ಮೊದಲ ಪುಟದಲ್ಲೇ, ದೊಡ್ಡ ಅಕ್ಷರದಲ್ಲಿ. ಕೊನೆಯಲ್ಲಿ ಮೂಲದ ನಕಲಿನ ಚಿತ್ರ. ಅದನ್ನು ಕೊಟ್ಟಾಗ ಶಾಹುಲ್ ನಿಂತಲ್ಲೇ ಒಂಬತ್ತನೇ ಹೆಸರಿನ ಮೇಲೆ ಬೆರಳಾಡಿಸಿದರು. "ಉಮ್ಮ ಮಾರ್ಚಿನಲ್ಲಿ ವಿಸಿಟ್ ವೀಸಾದಲ್ಲಿ ಬರ್ತಾರೆ ಸರ್. ನೀವೇ ಬಂದು ಅವರ ಕೈಗೆ ಕೊಡಿ. ಮೇಡಮ್ಮನ್ನೂ ಕರ್ಕೊಂಡು ಬನ್ನಿ," ಎಂದರು.

ಮಾರ್ಚಿನ ಒಂದು ಶುಕ್ರವಾರ ಹಮದ್ ಟೌನಿಗೆ ಹೋದೆವು. ದಾರಿಯುದ್ದಕ್ಕೂ ಕೋಕಿಲಾಗೆ ಮಾತು ಕೊಟ್ಟೆ, ಇವತ್ತು ಆ ತಾಯಿಯ ಮುಂದೆ ಎಲ್ಲವನ್ನೂ ಒಪ್ಪಿಕೊಳ್ಳುತ್ತೇನೆ ಎಂದು.

ಸುಬೈದಾ ಎಪ್ಪತ್ತೈದರ ಗಟ್ಟಿ ಹೆಂಗಸು. ಕನ್ನಡ ಓದಲು ಬರುವುದಿಲ್ಲ, ಮಾತು ಬರುತ್ತದೆ. ನನ್ನನ್ನು ಕೂರಿಸಿ, ನೀವೇ ಓದಿ ಎಂದರು. ಓದಿದೆ. ಲಕ್ಷ್ಮಣ ರಾಮಾ, ರತ್ನಗಿರಿ. ಸೀದಿ ಫರ್ಜುಲ್ಲಾ, ಝಂಜಿಬಾರ್. ಪ್ರತಿ ಹೆಸರಿಗೂ ಅವರು ಕಣ್ಣು ಮುಚ್ಚಿ ತುಟಿಯಲ್ಲೇ ಪ್ರಾರ್ಥನೆ ಹೇಳಿದರು. ಒಂಬತ್ತನೆಯದಕ್ಕೆ ಬಂದಾಗ ಇನ್ನೊಂದು ಸಲ ಓದಿ ಎಂದರು. ಮತ್ತೆ ಓದಿದೆ. ಸೆರಗಿನಿಂದ ಕಣ್ಣು ಒರೆಸಿಕೊಂಡು, "ಪಾಪ, ಇಲ್ಲೇ ಇದ್ರಲ್ಲ. ಓಡ್ಲಿಲ್ಲ," ಎಂದರು. ಉಳಿದ ಎರಡು ಹೆಸರನ್ನೂ ಕೇಳಿಸಿಕೊಂಡ ಮೇಲೆಯೇ ಎದ್ದರು.

ಊಟಕ್ಕೆ ಕೂತೆವು. ನಮಗಾಗಿ ಬೇರೆ ಪಾತ್ರೆ ತಂದು ಸಸ್ಯಾಹಾರ ಮಾಡಿಸಿದ್ದರು. ಕೋಕಿಲಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ನಾನು ಗಂಟಲು ಸರಿಮಾಡಿಕೊಂಡೆ. "ಅಮ್ಮಾ, ನಿಮಗೆ ಒಂದು ಮಾತು..."

"ಸರ್, ಪಾಯಸ ಹಾಕಿಸ್ಕೊಳ್ಳಿ," ಎಂದರು ಶಾಹುಲ್, ಬೇಗ ಬೇಗ. ನನ್ನ ಮುಖ ನೋಡಲಿಲ್ಲ.

ಆಗ ಸುಬೈದಾ ಹೇಳಿದರು, "ಅಲ್ಲ ಸರ್, ನಾನೇ ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು. ಇವನು ಆವತ್ತು ಎಲ್ಲರ ಎದುರಿಗೆ ಒಪ್ಪಿಕೊಂಡ, ಹೆಸರು ಬರೆಯುವುದು ನಾನೇ ಮರೆತದ್ದು ಅಂತ. ಅಷ್ಟು ಕೆಲಸ ಮಾಡಿ ಮುಖ್ಯದ್ದೇ ಮರೆಯುವುದಾ? ನಾನು ಒಂದು ತಿಂಗಳು ಅವನ ಹತ್ರ ಫೋನಿನಲ್ಲೂ ಸರಿ ಮಾತಾಡ್ಲಿಲ್ಲ. ಅವನ ತಪ್ಪಿಗೆ ನಿಮಗೆ ಎರಡೆರಡು ಸಲ ಅಚ್ಚು ಹಾಕಿಸುವ ಕಷ್ಟ ಆಯ್ತು. ದೊಡ್ಡ ಮನಸ್ಸು ಮಾಡಿ ನನ್ನ ಮಗನನ್ನು ಕ್ಷಮಿಸ್ಬೇಕು ಸರ್."

ಐವತ್ತೆರಡು ವರ್ಷದ ಶಾಹುಲ್ ತಲೆ ತಗ್ಗಿಸಿ ಕೂತಿದ್ದರು. ಹಿಬಾ ತಟ್ಟೆಯನ್ನು ನೋಡುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು. ಕೋಕಿಲಾ ನನ್ನನ್ನೇ ನೋಡುತ್ತಿದ್ದಳು. ಸುಬೈದಾ ಉತ್ತರಕ್ಕಾಗಿ ಕಾಯುತ್ತಿದ್ದರು.

"ಪರವಾಗಿಲ್ಲ ಅಮ್ಮ," ಎಂದೆ. "ಕ್ಷಮಿಸಿದ್ದೇನೆ."